ಪ್ರಾರ್ಥನೆಗೆ ಏಳಿ, ಬಿಪಿ ಮಾತ್ರೆ ಮಾತ್ರ ಬಿಡಬೇಡಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕೋಲಾರದಲ್ಲಿ ಕ್ಲಿನಿಕ್ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಇಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಒಂದಂತೂ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಕೇಳುವವರು ಬೇರೆ, ಊರು ಬೇರೆ, ದೇವರು ಬೇರೆ, ಪ್ರಶ್ನೆ ಮಾತ್ರ ಅದೇ. ಎರಡು ಸಲ ಚುಟುಕಾಗಿ ಉತ್ತರ ಕೊಟ್ಟಿದ್ದೆ, ಸಾಲಲಿಲ್ಲ. ಹಾಗಾಗಿ ಈ ಸಲ ಜಾಗ ಬಹುಪಾಲು ಅದಕ್ಕೇ. ಬಿಪಿ ಅಂದರೆ ಏನು, ಮೇಲಿನ ಅಂಕ ಯಾವುದು, ಕೆಳಗಿನದು ಯಾವುದು ಅಂತ ಮತ್ತೆ ಬರೆಯುವುದಿಲ್ಲ. ಮಿಷನ್ ಕೊಂಡು ಮನೆಯಲ್ಲೇ ನೋಡಿಕೊಳ್ಳುವವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷದಿಂದ ಬಿಪಿಗೆ ಅಮ್ಲೋಡಿಪಿನ್ 5 ತಗೊಳ್ತಿದ್ದೆ. ಈಗ ದಿನಕ್ಕೆ ಮೂರು ಸಲ ಕೆಲಸ ನಿಲ್ಲಿಸಿ ಹತ್ತು ಹತ್ತು ನಿಮಿಷ ಪ್ರಾರ್ಥನೆ ಮಾಡ್ತೀನಿ. ಮನಸ್ಸು ಹಗುರ ಆಗಿದೆ, ಸಿಡುಕು ಕಡಿಮೆ ಆಗಿದೆ. ಮಾತ್ರೆ ಬಿಟ್ಟು ಮೂರು ದಿನ ಆಯ್ತು, ಬಿಪಿ 128/82 ಬಂತು. ಇನ್ನು ಮಾತ್ರೆ ಬೇಡ ಅಲ್ವಾ?

ಉತ್ತರ: ಬೇಕು. ಇವತ್ತೇ ಮತ್ತೆ ಶುರು ಮಾಡಿ, ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಮಿಷನ್ ಸುಳ್ಳು ಹೇಳಿಲ್ಲ. ಮನಸ್ಸು ಹಗುರ ಆಗಿದ್ದೂ ಸುಳ್ಳಲ್ಲ. ಆದರೆ ಆ 128/82ರಲ್ಲಿ ಮಾತ್ರೆ ಇನ್ನೂ ಕೆಲಸ ಮಾಡುತ್ತಿದೆ. ಅಮ್ಲೋಡಿಪಿನ್ ಮೈಯಿಂದ ಬಹಳ ನಿಧಾನಕ್ಕೆ ಹೋಗುವ ಔಷಧಿ. ರಕ್ತದಲ್ಲಿ ಇರುವುದರಲ್ಲಿ ಅರ್ಧ ಹೋಗುವುದಕ್ಕೇ 30ರಿಂದ 50 ಗಂಟೆ ಬೇಕು. ಉಳಿದದ್ದರಲ್ಲಿ ಅರ್ಧ ಹೋಗಲು ಮತ್ತೆ ಅಷ್ಟೇ ಹೊತ್ತು. ದಿನಾ ತಗೊಂಡು ರೂಢಿಯಾದವರಲ್ಲಿ ಬಿಟ್ಟ ಮೇಲೂ ಸುಮಾರು ಒಂದು ವಾರ ಅದು ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಮೂರನೇ ದಿನ ನೋಡಿದರೆ ಚೆನ್ನಾಗಿಯೇ ಬರುತ್ತದೆ. ಖುಷಿಯಾಗಿ ಮಿಷನ್ ಬೀರುವಿನೊಳಗೆ ಇಡುತ್ತೀರಿ. ಅಂಕ ಮೇಲೇರುವುದು ಅದಾದ ಮೇಲೆ, ಯಾರೂ ನೋಡದೆ ಇರುವಾಗ. ಏರಿದರೆ ತಲೆನೋವು ಬರುತ್ತೆ, ಗೊತ್ತಾಗುತ್ತೆ ಅಂತ ಹೇಳಬೇಡಿ. ಹೆಚ್ಚಿನ ಜನಕ್ಕೆ ಏನೂ ಗೊತ್ತಾಗುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಬಿಪಿ ಮಾತ್ರೆಯನ್ನು ಹೀಗೆ ತಟ್ಟನೆ ಬಿಟ್ಟರೆ ಇನ್ನೂ ಕಷ್ಟ. ಹೃದಯದ ತೊಂದರೆ ಇರುವವರಿಗೆ ಬಡಿತ ಏರಿ, ಎದೆನೋವು ಬಂದು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು.

ನನಗೆ ಈ ಪ್ರಶ್ನೆ ಕಂಡರೆ ಸಿಟ್ಟು ಬರುವುದಕ್ಕೆ ಕಾರಣ ಇದೆ. ನಿಮ್ಮದೇ ವಯಸ್ಸಿನ ರೈತರೊಬ್ಬರು ಹೀಗೇ ಮಾತ್ರೆ ಬಿಟ್ಟಿದ್ದರು. ಯಾರೋ ಹೇಳಿದ್ದರಂತೆ, ಮಾತ್ರೆ ನುಂಗುತ್ತಾ ಜಪ ಮಾಡಿದರೆ ನಂಬಿಕೆ ಕಮ್ಮಿ ಅಂತ ಅರ್ಥ, ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಅಂತ. ಒಂದು ದಿನ ಬೆಳಿಗ್ಗೆ ಕೈಯಿಂದ ಕಾಫಿ ಲೋಟ ಜಾರಿತು, ಬಾಯಿ ಒಂದು ಕಡೆ ವಾಲಿತು. ಮನೆಯವರು ಲಕ್ವಕ್ಕೆ ಬೇರು ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ಸಾಲು. ನನ್ನ ಹತ್ತಿರ ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಬೇರು ಅರೆಯುವುದರಲ್ಲೇ ಕಳೆದುಹೋಗಿತ್ತು. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ. ಅವರ ಭಕ್ತಿಯಲ್ಲಿ ಏನೂ ಕೊರತೆ ಇರಲಿಲ್ಲ, ಈಗಲೂ ಇಲ್ಲ. ನಂಬಿಕೆಗೂ ಮಾತ್ರೆಗೂ ಜಗಳ ಹಚ್ಚುವವರನ್ನು ನಾನು ಕ್ಷಮಿಸುವುದಿಲ್ಲ. ಅವರು ಯಾವ ದೇವರ ಹೆಸರು ಹೇಳಿಕೊಂಡು ಬಂದರೂ ಅಷ್ಟೇ.

ಇನ್ನು ಪ್ರಾರ್ಥನೆಯ ವಿಷಯ. ಅದನ್ನು ದಯವಿಟ್ಟು ನಿಲ್ಲಿಸಬೇಡಿ. ನಿಮಗೆ ಹಗುರ ಅನ್ನಿಸುತ್ತಿರುವುದಕ್ಕೆ ಮೈಯಲ್ಲೇ ಕಾರಣ ಇದೆ.

ನಾವು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. 2001ರಲ್ಲಿ ಇಟಲಿಯ ವೈದ್ಯ ಲುಚಾನೊ ಬೆರ್ನಾರ್ಡಿ ಮತ್ತು ಜೊತೆಯವರು 23 ಜನ ಆರೋಗ್ಯವಂತರನ್ನು ಕೂರಿಸಿ, ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು. ಓಂ ಮಣಿ ಪದ್ಮೇ ಹೂಂ ಅನ್ನುವ ಬೌದ್ಧರ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಬಿಪಿ ಏರಿದಾಗ, ಇಳಿದಾಗ ಹೃದಯದ ಬಡಿತವನ್ನು ಸರಿಮಾಡುವ ಒಂದು ಏರ್ಪಾಡು ನಮ್ಮ ಮೈಯಲ್ಲಿದೆ. ಅದು ಆ ಹೊತ್ತಿನಲ್ಲಿ ಚುರುಕಾಯಿತು. ಎರಡು ಧರ್ಮ, ಎರಡು ಭಾಷೆ, ಆದರೆ ಉಸಿರು ಒಂದೇ ಕಡೆಗೆ ಬಂದು ನಿಂತಿತು ನೋಡಿ.

ಇದು ಹೇಗೆ ಅಂದರೆ, ಉಸಿರು ಒಳಗೆ ಎಳೆದಾಗ ಹೃದಯ ಸ್ವಲ್ಪ ಬೇಗ ಬಡಿಯುತ್ತದೆ, ಹೊರಗೆ ಬಿಟ್ಟಾಗ ನಿಧಾನ ಆಗುತ್ತದೆ. ಬಾಯಿಬಿಟ್ಟು ಒಂದು ಸಾಲು ಹೇಳುವಾಗ ನೀವು ಉಸಿರು ಬಿಡುತ್ತಲೇ ಇರುತ್ತೀರಿ. ಸಾಲು ಎಷ್ಟು ಉದ್ದವೋ ಉಸಿರೂ ಅಷ್ಟು ಉದ್ದ. ಅದು ವಚನವಾಗಲಿ, ಕೈವಾರ ತಾತಯ್ಯನವರ ಕೀರ್ತನೆಯಾಗಲಿ, ಕೆಜಿಎಫ್ ಚರ್ಚಿನಲ್ಲಿ ಹೇಳುವ ಜಪಸರವಾಗಲಿ, ಮೈಗೆ ವ್ಯತ್ಯಾಸ ಇಲ್ಲ. ಆದರೆ ಒಂದು ಷರತ್ತಿದೆ. 108 ಮುಗಿಸಿಬಿಡಬೇಕು ಅಂತ ಗಡಿಯಾರ ನೋಡುತ್ತಾ ಓಡಿಸುವ ಜಪದಲ್ಲಿ ಇದು ಆಗುವುದಿಲ್ಲ. ಹತ್ತು ನಿಮಿಷ ಇದ್ದರೆ ಹತ್ತು ನಿಮಿಷಕ್ಕೆ ಎಷ್ಟಾಗುತ್ತದೋ ಅಷ್ಟೇ ಹೇಳಿ. ಬಾಯಿ ಮುಚ್ಚಿ 'ಮ್' ಅಂತ ಗುನುಗುವುದೂ ಒಳ್ಳೆಯದೇ. ಗುನುಗುವಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಅನಿಲ ಸುಮ್ಮನೆ ಉಸಿರು ಬಿಟ್ಟಾಗ ಬರುವುದಕ್ಕಿಂತ ಸುಮಾರು 15 ಪಟ್ಟು ಹೆಚ್ಚುತ್ತದೆ ಅಂತ ಸ್ವೀಡನ್‌ನ ವಿಜ್ಞಾನಿಗಳು 2002ರಲ್ಲಿ ತೋರಿಸಿದ್ದಾರೆ. ಅದರಿಂದ ಆ ರೋಗ ವಾಸಿ, ಈ ರೋಗ ವಾಸಿ ಅಂತ ಮಾತ್ರ ಯಾರಾದರೂ ಹೇಳಿದರೆ ಕೇಳಬೇಡಿ.

ಸಿಡುಕು ಕಮ್ಮಿಯಾಗಿದ್ದಕ್ಕೆ ಉಸಿರು ಒಂದೇ ಕಾರಣ ಅಲ್ಲ ಅಂತ ನನ್ನ ಅನುಭವ. ನಿಮ್ಮ ಕೆಲಸವನ್ನೇ ನೋಡಿ. 15 ಕೆಜಿ ಬಾಕ್ಸಿನ ರೇಟು ಹರಾಜಿನಲ್ಲಿ ಬಿತ್ತು ಅಂದರೆ ರೈತ ನಿಮ್ಮ ಮೇಲೆ ಕೂಗುತ್ತಾನೆ, ಏರಿತು ಅಂದರೆ ಕೊಳ್ಳುವವನು ಕೂಗುತ್ತಾನೆ, ಮಧ್ಯದಲ್ಲಿ ಫೋನು, ಲಾರಿ, ಬಾಕಿ ಲೆಕ್ಕ. ಬೆಳಿಗ್ಗೆ ಆದ ಒಂದು ಮಾತು ಸಂಜೆಯ ತನಕ ತಲೆಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಪ್ರಾರ್ಥನೆ ಆ ಸುತ್ತನ್ನು ಬಲವಂತವಾಗಿ ನಿಲ್ಲಿಸುತ್ತದೆ, ಯಾಕೆಂದರೆ ಅದರಲ್ಲಿ ಹೇಳಬೇಕಾದ ಮಾತು ಮೊದಲೇ ಗೊತ್ತಿದೆ, ಯೋಚನೆ ಮಾಡಿ ಹುಡುಕಬೇಕಾಗಿಲ್ಲ. ನಮಾಜ್ ಮಾಡುವವರನ್ನು ಗಮನಿಸಿ. ಅವರು ಮನಸ್ಸು ಬಂದಾಗ ಏಳುವುದಲ್ಲ, ಹೊತ್ತಾಯಿತು ಅಂತ ಏಳುವುದು. ವುಜೂ ಮಾಡಿ ಮುಖ, ಕೈ, ಕಾಲು ತೊಳೆಯುತ್ತಾರೆ, ನಿಲ್ಲುತ್ತಾರೆ, ಬಾಗುತ್ತಾರೆ, ಕೂರುತ್ತಾರೆ. ಫೋನು ಅಷ್ಟು ಹೊತ್ತು ದೂರ. ಎರಡು ಮೂರು ಗಂಟೆ ಅಲುಗದೆ ಕುರ್ಚಿಯಲ್ಲಿ ಕೂತ ಬೆನ್ನಿಗೆ, ಕಣ್ಣಿಗೆ ಅಷ್ಟೇ ದೊಡ್ಡ ಉಪಕಾರ. 'ಟೆನ್ಷನ್ ಜಾಸ್ತಿ ಆದಾಗ ಪ್ರಾರ್ಥನೆ ಮಾಡ್ತೀನಿ' ಅನ್ನುವವರಿಗಿಂತ ಹೊತ್ತಿಗೆ ಸರಿಯಾಗಿ ಏಳುವವರು ಸಮಾಧಾನವಾಗಿರುವುದನ್ನು ನಾನು ಕ್ಲಿನಿಕ್‌ನಲ್ಲಿ ದಿನಾ ನೋಡುತ್ತೇನೆ. ಟೆನ್ಷನ್ ತಲೆಗೇರಿದ ಮೇಲೆ ಏಳುವುದಕ್ಕೆ ನೆನಪೇ ಆಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಬಿಪಿಯಲ್ಲಿ ಇದರಿಂದ ಇಳಿಯುವುದು ಕೆಲವೇ ಅಂಕ. 160 ಇದ್ದದ್ದು 120 ಆಗುವುದಿಲ್ಲ. ಪ್ರಾರ್ಥನೆ ಮುಗಿಸಿ ಎದ್ದ ತಕ್ಷಣ ನೋಡಿದ ಅಂಕ ಇಡೀ ದಿನದ ಅಂಕವೂ ಅಲ್ಲ. ಪ್ರಾರ್ಥನೆಗೆ ಮುಂಚೆ ನೋಡಿ. ಬೆನ್ನಿಗೆ ಆಸರೆ ಇಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಡಿ. ಆ ಚೀಟಿ ತಗೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಉಪ್ಪು ಕಮ್ಮಿ ಮಾಡಿ, ತೂಕ ಇಳಿಸಿ, ನಡೆದು, ಹೀಗೆ ಹೊತ್ತು ಹೊತ್ತಿಗೆ ಕೆಲಸ ಬಿಟ್ಟು ಎದ್ದು, ಎಲ್ಲ ಸೇರಿ ಅಂಕ ನಿಜವಾಗಿ ಇಳಿದಿದ್ದರೆ ನಾನೇ ಮಾತ್ರೆ ಕಮ್ಮಿ ಮಾಡಿದ್ದೇನೆ, ಕೆಲವರಿಗೆ ನಿಲ್ಲಿಸಿಯೂ ಇದ್ದೇನೆ. ಆದರೆ ಚೀಟಿ ನೋಡಿ ನಿಲ್ಲಿಸಿದ್ದು.

ಪ್ರಶ್ನೆ: ನಮ್ಮ ತಂದೆಗೆ ಬೈಪಾಸ್ ಆಪರೇಷನ್ ಇದೆ. ದುಡ್ಡು ಕಟ್ಟಿದರೆ ನಿಮ್ಮ ಪರವಾಗಿ ಪ್ರಾರ್ಥನೆ ಮಾಡಿ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ಒಬ್ಬರು ಹೇಳ್ತಿದ್ದಾರೆ.

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಧ್ಯಾನದಿಂದ ಮೈಗೆ ಆಗುವ ಒಳ್ಳೆಯದರ ಬಗ್ಗೆ 1975ರಲ್ಲೇ ಪುಸ್ತಕ ಬರೆದ ಅಮೆರಿಕದ ಡಾ. ಹರ್ಬರ್ಟ್ ಬೆನ್ಸನ್ ಇದನ್ನೂ ಪರೀಕ್ಷೆ ಮಾಡಿ ನೋಡಿದರು. ಆರು ಆಸ್ಪತ್ರೆಗಳ 1802 ಬೈಪಾಸ್ ರೋಗಿಗಳು. ಫಲಿತಾಂಶ 2006ರಲ್ಲಿ ಬಂತು. ಬೇರೆಯವರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ಆಪರೇಷನ್ ನಂತರದ ತೊಂದರೆ ಕಮ್ಮಿಯಾಗಲಿಲ್ಲ. ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ಖಚಿತವಾಗಿ ಗೊತ್ತಿದ್ದವರಲ್ಲಂತೂ ಸ್ವಲ್ಪ ಜಾಸ್ತಿಯೇ ಕಂಡಿತು. ತಂದೆಗಾಗಿ ನೀವು ಮನೆಯಲ್ಲಿ ಪ್ರಾರ್ಥನೆ ಮಾಡಿ, ಕಾಯುವ ನಿಮ್ಮ ಮನಸ್ಸಿಗೆ ಅದು ಬೇಕು. ದುಡ್ಡನ್ನು ಔಷಧಿಗೆ ಇಡಿ.

ಪ್ರಶ್ನೆ: ಗಂಟೆಯ ನಾದ ಏಳು ಸೆಕೆಂಡ್ ಕೇಳಿದರೆ ಮೈಯ ಏಳು ಚಕ್ರ ತೆರೆದು ಶುಗರ್ ವಾಸಿಯಾಗುತ್ತೆ, ಸೂರ್ಯ ಓಂ ಅನ್ನುತ್ತಾನೆ ಅಂತ ನಾಸಾ ಹೇಳಿದೆಯಂತೆ?

ಉತ್ತರ: ಎರಡೂ ಸುಳ್ಳು, ಇನ್ನೊಬ್ಬರಿಗೆ ಕಳಿಸಬೇಡಿ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಬೆಳಿಗ್ಗೆ ಮಾತ್ರೆ ತಗೊಂಡು ಪೂಜೆಗೆ ಕೂರ್ತಾರೆ, ಪೂಜೆ ಮುಗಿಯದೆ ಏನೂ ತಿನ್ನಲ್ಲ. ಒಂದೊಂದು ದಿನ ಮೈ ನಡುಗುತ್ತೆ, ಬೆವರುತ್ತೆ.

ಉತ್ತರ: ಅದು ಶುಗರ್ ಇಳಿಯುತ್ತಿರುವುದು. ಗ್ಲಿಮೆಪಿರೈಡ್ ಇರುವ ಮಾತ್ರೆ ನುಂಗಿ ಊಟ ತಡ ಮಾಡಿದರೆ ಹೀಗಾಗುತ್ತದೆ. ಇದನ್ನು ಮೈಮೇಲೆ ದೇವರು ಬಂತು ಅಂದುಕೊಂಡು ಆರತಿ ಎತ್ತಿದ ಮನೆಯನ್ನು ನಾನು ನೋಡಿದ್ದೇನೆ. ನಡುಕ ಬಂದ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಾಳೆಯಿಂದ ಪೂಜೆ ಮೊದಲು, ಆಮೇಲೆ ಮಾತ್ರೆ, ಕೂಡಲೇ ತಿಂಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಉಪವಾಸ, ರೋಜಾ ಮಾಡುವವರು ಮುಂಚೆಯೇ ಬಂದು ಮಾತ್ರೆಯ ಹೊತ್ತು ಬದಲಾಯಿಸಿಕೊಳ್ಳಬೇಕು, ನಡುವೆ ಬಂದರೆ ಸಾಲದು.

ಪ್ರಶ್ನೆ: ಬಾಗಿ ಎದ್ದರೆ ತಲೆ ಸುತ್ತುತ್ತೆ. ನೆಲದ ಮೇಲೆ ಕೂರಲೂ ಆಗಲ್ಲ.

ಉತ್ತರ: ಕುರ್ಚಿಯ ಮೇಲೆ ಕೂತು ಮಾಡಿ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಬೆನ್ನು, ಮೊಣಕಾಲು ಬಿಗಿಯಾದವರು ಎಷ್ಟೋ ಜನ. ನಿಮ್ಮ ತಪ್ಪೇನಿಲ್ಲ. ಬಿಪಿ ಮಾತ್ರೆ ತಗೊಳ್ಳುವವರಾದರೆ ತಲೆಸುತ್ತಿನ ವಿಷಯ ಡಾಕ್ಟರಿಗೆ ಹೇಳಿ.

ಪ್ರಶ್ನೆ: ದೇವರನ್ನು ನಂಬದವರಿಗೆ?

ಉತ್ತರ: ಹತ್ತು ನಿಮಿಷ ಫೋನಿಲ್ಲದೆ ಕೂತು ನಿಧಾನಕ್ಕೆ ಉಸಿರಾಡಿ.

ಪ್ರಶ್ನೆ: ನಾನು ನರಸಾಪುರದ ಫ್ಯಾಕ್ಟರಿಗೆ ಹೋಗುವ ಹುಡುಗಿ. ಬಸ್ಸಿನಲ್ಲೂ ಪ್ರಾರ್ಥನೆ ಮಾಡ್ತೀನಿ. ಒಂದು ಪದ ತಪ್ಪಿದರೂ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗುತ್ತೆ ಅಂತ ಭಯ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಒಂದೊಂದು ಸಲ ಮೂವತ್ತು ಸಲ. ತಿಂಗಳಿಂದ ಅಳು ಬರ್ತಿದೆ, ನಿದ್ದೆ ಇಲ್ಲ.

ಉತ್ತರ: ತಾಯಿ, ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬಾ ನೋವಾಯಿತು. ಇದು ಭಕ್ತಿ ಜಾಸ್ತಿಯಾದದ್ದೂ ಅಲ್ಲ, ಕಮ್ಮಿಯಾದದ್ದೂ ಅಲ್ಲ. ಹೀಗೆ ಭಯಕ್ಕೆ ಮತ್ತೆ ಮತ್ತೆ ಮಾಡುವುದು ಒಂದು ಕಾಯಿಲೆಯ ಲಕ್ಷಣ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ಅಂತ ಹೇಳುವವರ ಮಾತು ಸದ್ಯಕ್ಕೆ ಕೇಳಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ಅಳು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಯಾರೇ ಆಗಲಿ ಮನೋವೈದ್ಯರನ್ನು ಕಾಣಬೇಕು. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದರೆ ಒಂಟಿಯಾಗಿ ಇರಬೇಡಿ, ಮನೆಯಲ್ಲಿ ಯಾರಿಗಾದರೂ ಆ ಕ್ಷಣವೇ ಹೇಳಿ.

ಪ್ರಶ್ನೆ: ಬಿಪಿ ಮಾತ್ರೆ ಪೂಜೆಗೆ ಮುಂಚೆ ತಗೋಬೇಕಾ, ಆಮೇಲಾ? ಎಷ್ಟೋ ದಿನ ಮರೆತೇ ಹೋಗುತ್ತೆ.

ಉತ್ತರ: ಮುಂಚೆಯೋ ಆಮೇಲೋ, ದಿನಾ ಒಂದೇ ಹೊತ್ತಿಗೆ ತಗೊಂಡರೆ ಆಯಿತು. ಪೂಜೆ ನೀವು ಮರೆಯುವುದಿಲ್ಲ ಅಲ್ವಾ? ಹಾಗಾದರೆ ಮಾತ್ರೆಯ ಪಟ್ಟಿಯನ್ನು ಜಪಮಾಲೆಯ ಪಕ್ಕದಲ್ಲೇ ಇಡಿ. ದೀಪದ ಬಿಸಿ ತಗುಲದಷ್ಟು ದೂರ, ಮಕ್ಕಳ ಕೈಗೆ ಸಿಗದಷ್ಟು ಎತ್ತರ.