ನಾಲ್ಕು ಸ್ಯಾಕ್ಸೊಫೋನು, ಫಿನ್ಲೆಂಡಿನ ನಾದ

ಫಿನ್ಲೆಂಡಿನ ಚೇಂಬರ್ ಸಂಗೀತವನ್ನು, ಅಂದರೆ ಕೆಲವೇ ಮಂದಿ ಕೂಡಿ ನುಡಿಸುವ ಸಂಗೀತವನ್ನು, ನಾಲ್ಕು ಸ್ಯಾಕ್ಸೊಫೋನ್‌ಗಳಲ್ಲಿ ನುಡಿಸುವ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಇಲ್ಲಿ ಬರುವ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬವು ಚಿಕ್ಕ, ಏರುದನಿಯದರಿಂದ ದೊಡ್ಡ, ತಗ್ಗುದನಿಯದರವರೆಗಿನ ಸ್ಯಾಕ್ಸೊಫೋನ್‌ಗಳು.

ನಮ್ಮ ಬ್ಯಾಂಡ್ ಕಂಪನ್ಯಾಗ ಎರಡು ಆಲ್ಟೊ, ಒಂದು ಟೆನರ್ ಅದಾವ. ಮದುವಿ ಸೀಸನ್ ಮುಗದ ಮ್ಯಾಲೆ ನಾಲ್ಕ ಮಂದಿ ಕೂಡಿ ಇಂಥಾದ್ದೊಂದು ನುಡಸಬೇಕಂತ ಆಸೆ. ಇದ್ದ ವಾದ್ಯದಾಗ ನಡೀತದೇನ್ರಿ?
– ಬ್ಯಾಂಡ್ ಕಲಾವಿದರು, ಹುಬ್ಬಳ್ಳಿ

ನಡೆಯುತ್ತದೆ, ಆದರೆ ಮೊದಲು ಒಂದು ಪರೀಕ್ಷೆ ಆಗಬೇಕು. ಬ್ಯಾಂಡಿನವರ ಹತ್ತಿರ ಇರುವ ಹಳೆಯ ವಾದ್ಯಗಳಲ್ಲಿ ಕೆಲವು 'ಹೈ ಪಿಚ್' ವಾದ್ಯಗಳು. ಇವತ್ತಿನ ಎ 440ರ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ) ಬದಲು ಎ 452 ಅಥವಾ ಅದಕ್ಕೂ ಮೇಲಿನ ಶ್ರುತಿಗೆ ಮಾಡಿದವು. 452 ಅಂದರೆ ಸುಮಾರು 47 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಏರು, ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧ. ಸೀರಿಯಲ್ ನಂಬರಿನ ಹತ್ತಿರ 'ಎಚ್' ಅಥವಾ 'ಎಚ್‌ಪಿ' ಎಂಬ ಅಚ್ಚಿದೆಯೇ ನೋಡಿ. 'ಎಲ್' ಅಥವಾ 'ಎಲ್‌ಪಿ' ಇದ್ದರೆ ಚಿಂತೆಯಿಲ್ಲ. ಅಚ್ಚು ಅಳಿಸಿಹೋಗಿದ್ದರೆ ಮೊಬೈಲಿನ ಟ್ಯೂನರ್ ಹಚ್ಚಿ ಕೆಳಗಿನ ಜಿ, ನಡುವಿನ ಬಿ, ಮೇಲಿನ ಎ ಊದಿ. ಮೂರೂ 40 ಸೆಂಟ್‌ಗಿಂತ ಹೆಚ್ಚು ಏರಿದ್ದರೆ ಅದು ಹೈ ಪಿಚ್ಚೇ ಅನ್ನಿ. ಮೌತ್‌ಪೀಸ್ ಹೊರಗೆ ಎಳೆದು ಇದನ್ನು ಸರಿಪಡಿಸಲು ಬರುವುದಿಲ್ಲ. ಎಳೆದಾಗ ಕೊಳವೆ ಮೋಟಾಗಿರುವ ಮೇಲಿನ ಸ್ವರಗಳು ಹೆಚ್ಚು ಇಳಿಯುತ್ತವೆ, ಕೆಳಗಿನವು ಕಡಿಮೆ ಇಳಿಯುತ್ತವೆ, ಸ್ಥಾಯಿ ಸ್ಥಾಯಿಗೇ ಹೊಂದಾಣಿಕೆ ತಪ್ಪುತ್ತದೆ. ರಂಧ್ರಗಳ ಅಂತರವನ್ನೇ ಬೇರೆ ಶ್ರುತಿಗೆ ಕೊರೆದಿರುವಾಗ ರಿಪೇರಿಯವರೂ ಏನೂ ಮಾಡಲಾರರು. ಅಂಥ ವಾದ್ಯ ಮೆರವಣಿಗೆಗೆ ಇರಲಿ.

ವಾದ್ಯ ಸರಿ ಇದ್ದರೆ ಬೇಕಾದದ್ದು ಒಂದು ಸೊಪ್ರಾನೊ, ಒಂದು ಬ್ಯಾರಿಟೋನ್. ಎರಡನೆಯ ಆಲ್ಟೊದವರು ಸೊಪ್ರಾನೊ ಹಿಡಿಯಲಿ, ಬೆರಳು ಅವೇ. ತುಟಿ ಮಾತ್ರ ಬೇರೆ: ಮೌತ್‌ಪೀಸ್ ಚಿಕ್ಕದು, ತುಟಿ ಕೂದಲೆಳೆಯಷ್ಟು ಬಿಗಿದರೂ ಶ್ರುತಿ ಓಡುತ್ತದೆ. ಬ್ಯಾರಿಟೋನ್ ಸುಮಾರು 6 ಕಿಲೋ ತೂಗುತ್ತದೆ. ಕೊರಳಪಟ್ಟಿ ಬೇಡ, ಎರಡೂ ಭುಜಕ್ಕೆ ಹಾಕುವ ಪಟ್ಟಿ ತಗೊಳ್ಳಿ. ಕೊಳ್ಳುವಾಗ 'ಲೋ ಎ' ಕೀಲಿ ಇರುವುದನ್ನೇ ಕೇಳಿ. ಕಾರಣ ಮುಂದೆ ಧಾರವಾಡದ ವಿದ್ಯಾರ್ಥಿಗೆ ಕೊಟ್ಟ ಉತ್ತರದಲ್ಲಿದೆ.

ಸ್ಯಾಕ್ಸೊಫೋನ್ ಅಂದರೆ ಜಾಝ್ ಅಲ್ಲವೇ? ಚೇಂಬರ್ ಸಂಗೀತಕ್ಕೂ ಇದಕ್ಕೂ ಏನು ಸಂಬಂಧ?
– ಓದುಗರು, ಹಾವೇರಿ

ಜಾಝ್ ಹುಟ್ಟುವ ಮೊದಲೇ ಸ್ಯಾಕ್ಸೊಫೋನ್ ಇತ್ತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಅದರ ಪೇಟೆಂಟ್ ಪಡೆದ. ಝಾಂ-ಬಾಪ್ತಿಸ್ತ್ ಸ್ಯಾಂಜಲೆ ಎಂಬ ರಚನಕಾರ 1857ರ ಹೊತ್ತಿಗೇ ನಾಲ್ಕು ಸ್ಯಾಕ್ಸೊಫೋನ್‌ಗಳ ಕ್ವಾರ್ಟೆಟ್ ಬರೆದಿದ್ದ. ನಮ್ಮ ಕಡೆ ಕದ್ರಿ ಗೋಪಾಲನಾಥರು ಇದೇ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ತುಂಬಿ ಹರಿಸಿದ ಮೇಲೂ ಈ ಪ್ರಶ್ನೆ ಬರುತ್ತಲೇ ಇದೆ!

ಫಿನ್ಲೆಂಡಿನ ರಚನಕಾರ ಸಿಬೆಲಿಯಸ್‌ನ 'ಆಂಡಾಂಟೆ ಫೆಸ್ತಿವೊ' ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಹಾಳೆಗಳು ಸಿಕ್ಕಿವೆ. ವಯೋಲಿನ್ ಹಾಳೆಯನ್ನೇ ಸೊಪ್ರಾನೊದಲ್ಲಿ, ಎರಡನೆಯದನ್ನು ಆಲ್ಟೊದಲ್ಲಿ ಊದಿದರೆ ಎಲ್ಲ ಅಪಸ್ವರ. ಹೇಗೆ ಬದಲಿಸಿಕೊಳ್ಳಬೇಕು?
– ಸಂಗೀತ ವಿದ್ಯಾರ್ಥಿ, ಧಾರವಾಡ

ಆರಂಭಕ್ಕೆ ಒಳ್ಳೆಯ ಆಯ್ಕೆ. 1922ರಲ್ಲಿ ಒಂದು ಸಾಮಿಲ್ಲಿನ 25ನೇ ವರ್ಷದ ಸಮಾರಂಭಕ್ಕೆ ಬರೆದದ್ದು. ನಿಧಾನ, ತುಂಬಿದ ನಾದ, ಬೆರಳಿನ ಕಸರತ್ತು ಕಡಿಮೆ. ಇದೇ ಸಿಬೆಲಿಯಸ್‌ನ 1909ರ 'ವೋಚೆಸ್ ಇಂತಿಮೆ' ಐದು ಭಾಗಗಳ ದೊಡ್ಡ ಕ್ವಾರ್ಟೆಟ್. ಅದಕ್ಕೆ ಮೊದಲೇ ಕೈ ಹಾಕಬೇಡಿ.

ಅಪಸ್ವರದ ಕಾರಣ: ನೀವು ಸಿ ಎಂದು ಬೆರಳಿಟ್ಟರೆ ಸೊಪ್ರಾನೊ, ಟೆನರ್‌ಗಳಲ್ಲಿ ಹಾರ್ಮೋನಿಯಂನ ಕಪ್ಪು ಐದು ಬರುತ್ತದೆ. ಆಲ್ಟೊ, ಬ್ಯಾರಿಟೋನ್‌ಗಳಲ್ಲಿ ಕಪ್ಪು ಎರಡು. ಹಾಗಾಗಿ ಪ್ರತಿ ವಾದ್ಯಕ್ಕೂ ಬೇರೆ ಹಾಳೆ ಬೇಕು. ಮೂಲ ಜಿ ಮೇಜರ್. ಅದನ್ನು ಇದ್ದಲ್ಲೇ ಇಟ್ಟರೆ ಸೊಪ್ರಾನೊ, ಟೆನರ್‌ಗಳಿಗೆ ಮೂರು ಶಾರ್ಪ್ (ಸ್ವರವನ್ನು ಅರ್ಧ ಏರಿಸುವ ಗುರುತು), ಆಲ್ಟೊ, ಬ್ಯಾರಿಟೋನ್‌ಗಳಿಗೆ ನಾಲ್ಕು ಶಾರ್ಪ್.

ಅದಕ್ಕಿಂತ ದೊಡ್ಡ ತೊಡಕು ತಳದ ಸ್ವರಗಳದು. ವಯೋಲಿನ್ನಿನ ಖಾಲಿ ಜಿ ತಂತಿಯ ಸ್ವರ ಸೊಪ್ರಾನೊದಲ್ಲಿ ಇಲ್ಲ. ಅದರ ಅತಿ ಕೆಳಗಿನ ಸ್ವರ ಅರ್ಧ ಮೇಲೆ, ಎ ಫ್ಲ್ಯಾಟ್. ಚೆಲ್ಲೊದ ಖಾಲಿ ಸಿ ತಂತಿಯ ಸ್ವರ ಲೋ ಎ ಕೀಲಿ ಇರುವ ಬ್ಯಾರಿಟೋನ್‌ನಲ್ಲಿ ಮಾತ್ರ ಬರುತ್ತದೆ. ಆ ಕೀಲಿ ಇಲ್ಲದ್ದು ಅರ್ಧ ಸ್ವರ ಮೇಲೆ, ಡಿ ಫ್ಲ್ಯಾಟ್‌ಗೇ ನಿಲ್ಲುತ್ತದೆ. ಎರಡೂ ಕಡೆ ಕೊರತೆ ಒಂದೇ ಅರ್ಧ ಸ್ವರದ್ದು! ಆದ್ದರಿಂದ ಇಡೀ ಕೃತಿಯನ್ನು ಅರ್ಧ ಸ್ವರ ಮೇಲೆತ್ತಿ ಎ ಫ್ಲ್ಯಾಟ್ ಮೇಜರ್‌ಗೆ ತನ್ನಿ. ಆಗ ವಯೋಲಿನ್ನಿನ ತಳ ಸೊಪ್ರಾನೊದ ತಳಕ್ಕೆ, ಚೆಲ್ಲೊದ ತಳ ಸಾದಾ ಬ್ಯಾರಿಟೋನ್‌ನ ತಳಕ್ಕೆ ಕರಾರುವಾಕ್ಕಾಗಿ ಕೂಡುತ್ತದೆ. ಹಾಳೆಯೂ ಹಗುರಾಗುತ್ತದೆ: ಸೊಪ್ರಾನೊ, ಟೆನರ್‌ಗಳಿಗೆ ಎರಡು ಫ್ಲ್ಯಾಟ್ (ಅರ್ಧ ಇಳಿಸುವ ಗುರುತು), ಆಲ್ಟೊ, ಬ್ಯಾರಿಟೋನ್‌ಗಳಿಗೆ ಒಂದೇ ಫ್ಲ್ಯಾಟ್. ವಯೋಲಾದ ಸಾಲು ಟೆನರ್‌ನಲ್ಲಿ ಆರಾಮಾಗಿ ಕೂಡುತ್ತದೆ.

ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಮೂಲವನ್ನು ಒಮ್ಮೆ ತುಂಬಿ ವಾದ್ಯದ ಹೆಸರು ಬದಲಿಸಿದರೆ ನಾಲ್ಕೂ ಹಾಳೆ ತಾನೇ ಬರೆದುಕೊಡುತ್ತದೆ. ಮೇಲೆತ್ತುವಾಗ 'ಎ ಫ್ಲ್ಯಾಟ್‌ಗೆ' ಎಂದೇ ಆರಿಸಿ. ಜಿ ಶಾರ್ಪ್ ಎಂದು ಆರಿಸಿದರೆ ಕೇಳುವ ನಾದ ಅದೇ, ಆದರೆ ಲೆಕ್ಕಕ್ಕೆ ಎಂಟು ಶಾರ್ಪ್, ಓದುವವರ ತಲೆ ಕೆಡುತ್ತದೆ.

ತಂತಿವಾದ್ಯದವರು ಎರಡು ತಂತಿ ಕೂಡಿಸಿ ಬಾರಿಸುವ ಕಡೆ ನೀವು ಒಂದನ್ನು ಬಿಡಲೇಬೇಕು. ಬೇರೆಯವರ ಹಾಳೆಯಲ್ಲಿ ಈಗಾಗಲೇ ಇರುವ ಸ್ವರವನ್ನೇ ಬಿಡಿ, ಗಾಂಧಾರವನ್ನು ಮಾತ್ರ ಬಿಡಬೇಡಿ. ಸ್ಯಾಕ್ಸೊಫೋನಿನ ಅತಿ ಕೆಳಗಿನ ಸ್ವರಗಳು ಮೆಲ್ಲಗೆ ಹುಟ್ಟುವುದಿಲ್ಲ, ಗದರಿಕೊಂಡೇ ಬರುತ್ತವೆ. ಹಾಗಂತ ಬ್ಯಾರಿಟೋನ್ ಸಾಲನ್ನು ಒಂದು ಸ್ಥಾಯಿ ಮೇಲೆತ್ತಿದರೆ ಅದು ಟೆನರ್‌ಗಿಂತ ಮೇಲೆ ಹೋಗಿ ಸ್ವರಗುಚ್ಛದ ಬುಡವೇ ಬದಲಾದೀತು. ಅರ್ಧ ನಂಬರ್ ಮೆತ್ತನೆಯ ರೀಡ್ ಹಾಕಿ, ಗಂಟಲು ತೆರೆದು, ದವಡೆ ಸಡಿಲಿಸಿ ಸಾಧನೆ ಮಾಡುವುದೇ ಸರಿಯಾದ ದಾರಿ.

ಕಮಾನಿಗೆ ಉಸಿರು ಬೇಡ, ನಮಗೆ ಬೇಕು. ಉದ್ದ ಸ್ವರಗಳು ನಡುವೆ ತುಂಡಾಗುತ್ತವೆ. ಪರಿಹಾರ?
– ಅದೇ ಧಾರವಾಡದ ವಿದ್ಯಾರ್ಥಿ

ಪೆನ್ಸಿಲ್ ಹಿಡಿದು ಉಸಿರಿನ ಜಾಗಗಳನ್ನು ಮೊದಲೇ ಹಂಚಿಕೊಳ್ಳಿ. ಇಬ್ಬರು ಒಂದೇ ಮಾತ್ರೆಯಲ್ಲಿ ಉಸಿರು ತೆಗೆಯಬಾರದು. ರಾಗದ ಸಾಲು ಹಿಡಿದವರು ವಾಕ್ಯ ಮುಗಿದಲ್ಲಿ ತೆಗೆದುಕೊಳ್ಳಲಿ, ಉಳಿದವರು ಅದಕ್ಕೆ ಒಂದೆರಡು ಮಾತ್ರೆ ಹಿಂದೆ ಮುಂದೆ. ಸ್ವರಗುಚ್ಛ ಬದಲಾಗುವ ಹೊಸ್ತಿಲಲ್ಲಿ ಮಾತ್ರ ಯಾರೂ ಬೇಡ. ಅಲ್ಲಿ ಒಂದು ಸ್ವರ ಕಾಣೆಯಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಮತ್ತೆ ಸೇರುವಾಗ ನಾಲಿಗೆಯಿಂದ 'ತು' ಎಂದು ಹೊಡೆಯದೆ 'ಹೂ' ಎಂದು ಗಾಳಿಯಿಂದಲೇ ಸೇರಿ.

ಸನಾದಿಯ ಜೊತೆ ಸುರ್ ಹಿಡಿಯುವವರು ಕೆನ್ನೆಯಲ್ಲಿ ಗಾಳಿ ಉಳಿಸಿಕೊಂಡು ಮೂಗಿನಿಂದ ಉಸಿರೆಳೆಯುವುದನ್ನು ನಮ್ಮ ಭಾಗದವರು ನೋಡಿಯೇ ಇರುತ್ತೀರಿ. ಅದು ಸೊಪ್ರಾನೊದಲ್ಲಿ ಸಾಧ್ಯ. ಬ್ಯಾರಿಟೋನ್ ಕುಡಿಯುವ ಗಾಳಿಗೆ ಕೆನ್ನೆ ಸಾಲುವುದು ಬಲು ಕಷ್ಟ. 1939ರ ಜನವರಿ 1ರಂದು ಸಿಬೆಲಿಯಸ್ ಸ್ವತಃ ನಿರ್ದೇಶಿಸಿದ ಈ ಕೃತಿಯ ರೇಡಿಯೊ ಧ್ವನಿಮುದ್ರಣ ಉಳಿದಿದೆ. ಅದು ತಂತಿವಾದ್ಯಗಳ ದೊಡ್ಡ ಮೇಳದ್ದು. ಅದರ ಗತಿಯನ್ನು ನಕಲು ಮಾಡಲು ಹೋಗಿ ಉಸಿರುಗಟ್ಟಿಸಿಕೊಳ್ಳಬೇಡಿ, ತುಸು ಚುರುಕಾಗಿ ಹೋದರೂ ನಡೆದೀತು.

ನಾಲ್ವರೂ ಟ್ಯೂನರ್ ನೋಡಿ ಶ್ರುತಿ ಮಾಡಿಕೊಳ್ಳುತ್ತೇವೆ, ಮುಳ್ಳು ನಡುವೆಯೇ ನಿಲ್ಲುತ್ತದೆ. ಆದರೂ ಕೂಡಿ ಊದಿದಾಗ ಒರಟು. ಯಾಕೆ?
– ಓದುಗರು, ಗದಗ

ಟ್ಯೂನರಿನ ಗಾಂಧಾರ ಹಾರ್ಮೋನಿಯಂನ ಗಾಂಧಾರ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗೆ. ಮೇಜರ್ ಸ್ವರಗುಚ್ಛದಲ್ಲಿ ಗಾಂಧಾರ ಹಿಡಿದವರು ಅಷ್ಟು ಇಳಿದರೆ ಒರಟು ಹೋಗಿ ನಾದ ಒಂದಾಗುತ್ತದೆ. ಮೈನರ್‌ನಲ್ಲಿ ಕೋಮಲ ಗಾಂಧಾರವನ್ನು ಸುಮಾರು 16 ಸೆಂಟ್ ಏರಿಸಬೇಕು. ಪಂಚಮಕ್ಕೆ 2 ಸೆಂಟ್ ಏರಿಕೆ ಸಾಕು. ಈ ಒಂದು ವಿಷಯದಲ್ಲಿ ಪಾಶ್ಚಾತ್ಯ ಸಂಗೀತ ಕಲಿತವರಿಗಿಂತ ತಂಬೂರಿ ಕೇಳಿ ಬೆಳೆದ ಗದಗ, ಧಾರವಾಡದ ಕಿವಿಗಳಿಗೇ ಅನುಕೂಲ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಸಾಧನೆ ಹೀಗೆ ಮಾಡಿ: ಇಲೆಕ್ಟ್ರಾನಿಕ್ ತಂಬೂರಿಯನ್ನು ಕಪ್ಪು ನಾಲ್ಕಕ್ಕೆ ಇಡಿ. ಆಂಡಾಂಟೆ ಫೆಸ್ತಿವೊವನ್ನು ಮೇಲೆ ಹೇಳಿದಂತೆ ಎತ್ತಿದರೆ ಅದೇ ಷಡ್ಜ. ಬ್ಯಾರಿಟೋನ್ ತನ್ನ ಎಫ್ ಊದಿ ಷಡ್ಜ ಹಿಡಿಯಲಿ, ಟೆನರ್ ತನ್ನ ಎಫ್‌ನಿಂದ ಪಂಚಮ, ಸೊಪ್ರಾನೊ ತನ್ನ ಬಿ ಫ್ಲ್ಯಾಟ್‌ನಿಂದ ಮೇಲಿನ ಷಡ್ಜ. ಈ ಮೂರೂ ಅಲುಗದೆ ನಿಂತ ಮೇಲೆ ಕೊನೆಗೆ ಆಲ್ಟೊ ತನ್ನ ಎ ಊದಿ ಗಾಂಧಾರ ಸೇರಿಸಿ ನಿಧಾನ ಇಳಿಸುತ್ತ ಬರಲಿ. ಸ್ವರಗಳು ಹೊಂದದಾಗ ಕೇಳುವ ಬಡಿತ ನಿಂತ ಜಾಗವೇ ಸರಿಯಾದ ಜಾಗ. ಈ ಹೊತ್ತಿನಲ್ಲಿ ಯಾರೂ ಸ್ವರ ನಡುಗಿಸಬಾರದು.

ಒಂದು ಎಚ್ಚರ: ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಸೊಪ್ರಾನೊ ಬೇಗ ಬಿಸಿಯಾಗುತ್ತದೆ, ಬ್ಯಾರಿಟೋನ್ ತಡವಾಗಿ. ಡಿಸೆಂಬರಿನ ಬೆಳಗಿನಲ್ಲಿ ಬ್ಯಾರಿಟೋನ್‌ನವರು ಉಳಿದವರಿಗಿಂತ ಹತ್ತು ನಿಮಿಷ ಮೊದಲೇ ಊದಲು ಶುರು ಮಾಡಲಿ.

ಫಿನ್ಲೆಂಡಿನ ಹಳೆಯ ಹಾಡುಗಳಲ್ಲಿ ಐದು ಮಾತ್ರೆಯ ಎಣಿಕೆ ಇದೆಯಂತೆ. ಅದು ನಮ್ಮ ಝಪತಾಲವೇ?
– ತಬಲಾ ವಿದ್ಯಾರ್ಥಿನಿ, ಗದಗ

ಅಲ್ಲ, ಒಳಗಿನ ಪಾಲು ಬೇರೆ. ಝಪತಾಲ ಎರಡು-ಮೂರು, ಎರಡು-ಮೂರು ಎಂದು ಹತ್ತು ಮಾತ್ರೆ. ಎಲಿಯಾಸ್ ಲನ್‌ರೂತ್ 1835ರಲ್ಲಿ ಸಂಗ್ರಹಿಸಿ ಪ್ರಕಟಿಸಿದ ಫಿನ್ಲೆಂಡಿನ ಮಹಾಕಾವ್ಯ 'ಕಾಲೆವಾಲ'ದ ಸಾಲಿಗೆ ಸಾಮಾನ್ಯವಾಗಿ ಎಂಟು ಅಕ್ಷರ. ಹಾಡುವಾಗ ಮೊದಲ ಆರು ಅಕ್ಷರಕ್ಕೆ ಅರ್ಧರ್ಧ ಮಾತ್ರೆ, ಕೊನೆಯ ಎರಡಕ್ಕೆ ಒಂದೊಂದು ಪೂರ್ತಿ ಮಾತ್ರೆ ಕೊಡುವ ಧಾಟಿ ಪ್ರಸಿದ್ಧ. ಅಂದರೆ ಮೂರು-ಎರಡು. 'ತಕ ತಕ ತಕ ಧಾ ಧಾ' ಎಂದು ಬಾಯಲ್ಲಿ ಹೇಳಿ ನೋಡಿ. ಅವರ ಐದು ತಂತಿಯ ಕಾಂತೆಲೆ ವಾದ್ಯದಲ್ಲಿ ಇರುವುದು ಸರಿಸುಮಾರು ಸ ರಿ ಗ ಮ ಪ ಅಷ್ಟೇ, ರಾಗಗಳೂ ಅಷ್ಟರಲ್ಲೇ ಓಡಾಡುತ್ತವೆ. ಸಿಬೆಲಿಯಸ್ 1891ರಲ್ಲಿ ಲಾರಿನ್ ಪಾರಸ್ಕೆ ಎಂಬ ಹಾಡುಗಾರ್ತಿಯನ್ನು ಕೇಳಿದ್ದ. ಮರುವರ್ಷದ ಅವನ ಕೃತಿ 'ಕುಲ್ಲೆರ್ವೊ'ದ ಮೂರನೆಯ ಭಾಗ ಐದರ ಎಣಿಕೆಯಲ್ಲಿದೆ. ತಬಲಾ ಕಲಿತವರು ಈ ತಂಡಕ್ಕೆ ಎಣಿಕೆ ಹಿಡಿಯಲು ನಿಂತರೆ ಊದುವವರು ಕೊನೆಯ ಎರಡು ಮಾತ್ರೆಯನ್ನು ಓಡಿಸುವ ಸಾಮಾನ್ಯ ತಪ್ಪು ಅಲ್ಲಿಗೇ ನಿಲ್ಲುತ್ತದೆ.

ಧಾರವಾಡದಲ್ಲಿ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಳ್ಳಬೇಕೆಂದಿದ್ದೇವೆ. ಹಕ್ಕುಸ್ವಾಮ್ಯ, ಮೈಕು, ಚಪ್ಪಾಳೆ ಬಗ್ಗೆ ತಿಳಿಸಿ.
– ಸಂಘಟಕರು, ಧಾರವಾಡ

ಸಿಬೆಲಿಯಸ್ ತೀರಿಕೊಂಡದ್ದು 1957ರಲ್ಲಿ. ಭಾರತದಲ್ಲಿ ಹಕ್ಕಿನ ಅವಧಿ ರಚನಕಾರ ತೀರಿದ ಮೇಲೆ 60 ವರ್ಷ, ಹಾಗಾಗಿ ಇಲ್ಲಿ 2018ರಿಂದ ಅವನ ಕೃತಿಗಳು ಮುಕ್ತ. ಫಿನ್ಲೆಂಡಿನಲ್ಲಿ 70 ವರ್ಷ. ಅಲ್ಲಿ 2027ರ ಕೊನೆಯವರೆಗೆ ಹಕ್ಕು ಉಂಟು. ವಿಡಿಯೊ ಯುಟ್ಯೂಬಿಗೆ ಹಾಕುವವರು ಇದನ್ನು ನೆನಪಿಡಬೇಕು. ಬೇರೆಯವರು ಸ್ಯಾಕ್ಸೊಫೋನ್‌ಗೆ ಹೊಂದಿಸಿ ಅಚ್ಚು ಹಾಕಿಸಿದ ಹಾಳೆಗೆ ಬೇರೆಯೇ ಹಕ್ಕಿರುತ್ತದೆ, ನಕಲು ಮಾಡಬೇಡಿ. 2016ರಲ್ಲಿ ತೀರಿಕೊಂಡ ರೌತವಾರ, ಈ ಕಾಲದ ಕಾಲೆವಿ ಆಹೊ ಎಂಬ ಫಿನ್ಲೆಂಡಿನ ರಚನಕಾರರ ಕೃತಿಗಳಿಗೆ ಹಾಳೆಯನ್ನು ಪ್ರಕಾಶಕರಿಂದಲೇ ತರಿಸಬೇಕು. ಆಹೊ 2008ರಲ್ಲಿ ಬರೆದ 'ಕೆಲ್ಲೊತ್', ಅಂದರೆ ಗಂಟೆಗಳು, ನಾಲ್ಕು ಸ್ಯಾಕ್ಸೊಫೋನ್‌ಗಳಿಗೇ ಹುಟ್ಟಿದ ಕೃತಿ. ಆದರೆ ಜೊತೆಗೆ ಇಡೀ ಆರ್ಕೆಸ್ಟ್ರಾ ಬೇಕು.

ಇನ್ನೂರು ಕುರ್ಚಿಯ ಸಭಾಂಗಣಕ್ಕೆ ಮೈಕ್ ಬೇಡವೇ ಬೇಡ. ಬೇಕೇ ಬೇಕೆಂದರೆ ತಂಡದ ಮುಂದೆ ಎರಡು ಮೀಟರ್ ದೂರದಲ್ಲಿ ಒಂದು ಜೋಡಿ ಸಾಕು. ಮೈಕಿನವರು ವಾದ್ಯದ ಬಾಯಿಗೇ ಕ್ಲಿಪ್ ಹಾಕಲು ಬಂದರೆ ಒಪ್ಪಬೇಡಿ. ಸ್ಯಾಕ್ಸೊಫೋನಿನ ನಾದ ತೆರೆದ ರಂಧ್ರಗಳಿಂದ ಮೈತುಂಬ ಹೊರಡುತ್ತದೆ. ಬಾಯಿಯಿಂದ ಮುಖ್ಯವಾಗಿ ಬರುವುದು ತೀರ ಕೆಳಗಿನ ಸ್ವರಗಳು. ಅಲ್ಲಿ ಮೈಕಿಟ್ಟರೆ ಅವಷ್ಟೇ ಗುಡುಗುತ್ತವೆ. ತಂಡದ ಮೇಲಿನ ಫ್ಯಾನ್ ಆರಿಸಿ, ಹಾಳೆಗೆ ಬಟ್ಟೆ ಕ್ಲಿಪ್ ಹಾಕಿ.

ಚಪ್ಪಾಳೆ: ಪೂರ್ತಿ ಕೃತಿ ಮುಗಿದ ಮೇಲೆ ಎಂಬುದು ಪಾಶ್ಚಾತ್ಯರ ರೂಢಿ. ಒಳ್ಳೆಯ ಜಾಗಕ್ಕೆ 'ವಾಹ್' ಅನ್ನುವ ಧಾರವಾಡದ ಶ್ರೋತೃಗಳಿಗೆ ಇದು ಕಷ್ಟ. ಯಾವ ಕೃತಿಗೆ ಎಷ್ಟು ಭಾಗ ಎಂದು ಒಂದು ಚೀಟಿ ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಡಿ.

ಮಳೆಗಾಲದಾಗ ಜಿ ಶಾರ್ಪ್ ಒತ್ತಿದ್ರ ಜಿ ಅಷ್ಟೇ ಬರ್ತದ. ವಾದ್ಯ ಕೆಟ್ಟತೇನ್ರಿ?
– ಓದುಗರು, ಹಾನಗಲ್ಲ

ಕೆಟ್ಟಿಲ್ಲ. ಆ ಕೀಲಿಯ ಮುಚ್ಚಳವನ್ನು ಎತ್ತುವುದು ನಿಮ್ಮ ಬೆರಳಲ್ಲ, ಒಂದು ಬಡ ಸ್ಪ್ರಿಂಗು. ಬೆರಳು ಅದನ್ನು ಬಿಡುಗಡೆ ಮಾಡುತ್ತದೆ ಅಷ್ಟೇ. ಜಿಟಿಜಿಟಿ ಮಳೆಯ ತೇವಕ್ಕೆ ಚರ್ಮದ ಪ್ಯಾಡ್ ಅಂಟಿಕೊಂಡರೆ ಸ್ಪ್ರಿಂಗಿಗೆ ಎತ್ತಲಾಗುವುದಿಲ್ಲ. ಸಿಗರೇಟು ಸುತ್ತುವ ತೆಳು ಕಾಗದವನ್ನು ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ. ಒತ್ತಿದಾಗ ಕಾಗದ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಪೌಡರ್ ಹಾಕುವುದಂತೂ ಬೇಡ, ತೇವದ ಜೊತೆ ಅದು ಅಂಟಾಗುತ್ತದೆ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಪೆಟ್ಟಿಗೆ ಮುಚ್ಚುವ ಮುನ್ನ ಹತ್ತು ನಿಮಿಷ ತೆರೆದಿಡಿ. ಕಾರ್ಯಕ್ರಮದ ದಿನ ವೇದಿಕೆ ಹತ್ತುವ ಮೊದಲು ಆ ಮುಚ್ಚಳವನ್ನು ಒಮ್ಮೆ ಬೆರಳಿನಿಂದ ಎತ್ತಿ ಬಿಡಿ.