ಗರ್ಭಕಂಠ ಕೈಗೆ ಸಿಗುತ್ತದೆ, ಗನ್ ಮಾತ್ರ ಒಳಗೆ ಹೋಗುತ್ತಿಲ್ಲ

ಹಸುಗಳ ಕೃತಕ ಗರ್ಭಧಾರಣೆ ಮತ್ತು ಸಂತಾನೋತ್ಪತ್ತಿ ನಿರ್ವಹಣೆ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಕೃತಕ ಗರ್ಭಧಾರಣೆಯ ತರಬೇತಿಗೆ ಸೇರಿ ಮೂರು ವಾರವಾಯಿತು. ಗುದನಾಳದಲ್ಲಿ ಕೈ ಹಾಕಿದರೆ ಗರ್ಭಕಂಠ ಗೊತ್ತಾಗುತ್ತದೆ. ಆದರೆ ವೀರ್ಯ ಬಿಡುವ ಉದ್ದನೆಯ ಸಲಕರಣೆ, ಅಂದರೆ ಗನ್, ಎಲ್ಲಿಗೋ ತಾಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಒದ್ದಾಡುವಷ್ಟರಲ್ಲಿ ಕೈ ಮರಗಟ್ಟುತ್ತದೆ. ಜೊತೆಯವರೆಲ್ಲ ಕಲಿತು ಮುಂದೆ ಹೋದರು. ನನಗೆ ಈ ಕೆಲಸ ಒಗ್ಗುವುದಿಲ್ಲವೇ ಸರ್?

ಉತ್ತರ: ಮೂರು ವಾರದಲ್ಲಿ ಗರ್ಭಕಂಠವನ್ನು ಕೈಯಿಂದ ಗುರುತಿಸುತ್ತೀರಿ ಎಂದರೆ ಕಷ್ಟದ ಭಾಗ ದಾಟಿದ್ದೀರಿ. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಓದುವ ವಿದ್ಯೆ ಇದು. ಕೆಲವರಿಗೆ ಹತ್ತು ಹಸುವಿಗೆ ಬರುತ್ತದೆ, ಕೆಲವರಿಗೆ ನೂರು ಬೇಕಾಗುತ್ತದೆ. ನಿಧಾನವಾಗಿ ಕಲಿತ ಎಷ್ಟೋ ಜನ ಆಮೇಲೆ ಬಹಳ ನಂಬಿಕಸ್ಥ ಕೆಲಸಗಾರರಾದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಆ ಚಿಂತೆ ಬಿಡಿ, ಗನ್ ಎಲ್ಲಿ ನಿಲ್ಲುತ್ತಿದೆ ಎಂದು ನೋಡೋಣ.

ಅದು ಮೂರು ಕಡೆ ನಿಲ್ಲಬಹುದು. ಮೊದಲನೆಯದು ಯೋನಿಯೊಳಗೇ. ಯೋನಿಯ ತಳದಲ್ಲಿ ಮೂತ್ರದ ದ್ವಾರವಿದೆ. ಗನ್ನನ್ನು ನೇರವಾಗಿ ತೂರಿಸಿದರೆ ತುದಿ ಅಲ್ಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಶುರುವಿನಲ್ಲಿ 30ರಿಂದ 45 ಡಿಗ್ರಿ ಮೇಲ್ಮುಖವಾಗಿ ಹಾಕಿ, ಒಂದು ಗೇಣಿನಷ್ಟು ಹೋದ ಮೇಲೆ ಮಟ್ಟ ಮಾಡಿಕೊಳ್ಳಬೇಕು. ಅಲ್ಲಿಂದ ಮುಂದೆಯೂ ತಡೆದರೆ ಯೋನಿಯ ಗೋಡೆ ಮಡಚಿಕೊಂಡಿದೆ ಎಂದರ್ಥ. ಒಳಗಿರುವ ಎಡಗೈಯಿಂದ ಗರ್ಭಕಂಠವನ್ನು ಹಿಡಿದು ಹಸುವಿನ ತಲೆಯ ಕಡೆಗೆ ಮೆಲ್ಲಗೆ ದೂಡಿ. ಮಡಿಕೆ ಬಿಚ್ಚಿಕೊಂಡು ದಾರಿ ನೇರವಾಗುತ್ತದೆ.

ಎರಡನೆಯದು ಗರ್ಭಕಂಠದ ಬಾಯಿಯ ಸುತ್ತಲೂ ಇರುವ ಕುರುಡು ಚೀಲ. ಗರ್ಭಕಂಠದ ಹಿಂತುದಿ ಯೋನಿಯೊಳಕ್ಕೆ ಸ್ವಲ್ಪ ಚಾಚಿಕೊಂಡಿರುವುದರಿಂದ ಅದರ ಸುತ್ತ ಒಂದು ಕುಳಿ ಉಂಟಾಗಿರುತ್ತದೆ. ಗನ್ನಿನ ತುದಿ ಬಾಯಿ ತಪ್ಪಿ ಈ ಕುಳಿಗೆ ಬೀಳುತ್ತದೆ. ನಿಮ್ಮ ತೊಂದರೆ ಬಹುಪಾಲು ಇಲ್ಲೇ ಇದೆ. ನೀವು ಗರ್ಭಕಂಠವನ್ನು ನಡುವಿನಲ್ಲಿ ಹಿಡಿಯುತ್ತಿದ್ದೀರಿ ಅನ್ನಿಸುತ್ತದೆ. ಕೈಯನ್ನು ಹಿಂದಕ್ಕೆ ತಂದು ಅದರ ಹಿಂತುದಿಯನ್ನೇ ಹಿಡಿಯಿರಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಬರಲಿ. ಹಾಗೆ ಹಿಡಿದಾಗ ಕುಳಿ ಮುಚ್ಚಿಹೋಗಿ, ಗನ್ನಿಗೆ ಬಾಯಿಯೊಂದೇ ದಾರಿ ಉಳಿಯುತ್ತದೆ.

ಮೂರನೆಯದು ಒಳಗಿನ ಉಂಗುರಗಳು. ಗರ್ಭಕಂಠದೊಳಗೆ ಮೂರೋ ನಾಲ್ಕೋ ಗಟ್ಟಿ ಉಂಗುರಗಳಿವೆ, ಅವುಗಳ ತೂತು ಒಂದೇ ಗೆರೆಯಲ್ಲಿ ಇರುವುದಿಲ್ಲ. ಇಲ್ಲಿ ಕಲಿಯುವವರೆಲ್ಲರೂ ಬಲಗೈಯಿಂದ ಗನ್ನನ್ನು ತಳ್ಳುತ್ತಾರೆ. ಕೆಲಸ ಮಾಡಬೇಕಾದದ್ದು ಎಡಗೈ. ಲಾಡಿ ಪೋಣಿಸುವಾಗ ಪಿನ್ನನ್ನು ನೂಕುವುದಕ್ಕಿಂತ ಬಟ್ಟೆಯನ್ನೇ ಪಿನ್ನಿನ ಮೇಲೆ ಎಳೆದುಕೊಳ್ಳುತ್ತೇವಲ್ಲ, ಹಾಗೆಯೇ ಗರ್ಭಕಂಠವನ್ನು ಗನ್ನಿನ ಮೇಲೆ ಏರಿಸಿಕೊಳ್ಳಬೇಕು. ಬಲಗೈ ಗನ್ನನ್ನು ಹಗುರವಾಗಿ ಹಿಡಿದಿದ್ದರೆ ಸಾಕು. ಮಣಿಕಟ್ಟನ್ನು ಮೇಲೆ, ಕೆಳಗೆ, ಪಕ್ಕಕ್ಕೆ ತಿರುಗಿಸುತ್ತಾ ಹೋದಂತೆ ಒಂದೊಂದು ಉಂಗುರ ದಾಟಿದ್ದೂ ಬೆರಳಿಗೆ ತಿಳಿಯುತ್ತದೆ.

ಕೊನೆಯ ಉಂಗುರ ದಾಟಿದ ಕೂಡಲೇ ನಿಲ್ಲಿಸಿ. ಗರ್ಭಕಂಠದ ಮುಂದುಗಡೆ ತೋರುಬೆರಳಿಟ್ಟರೆ ಗನ್ನಿನ ತುದಿ ತೆಳು ಪದರದ ಅಡಿಯಲ್ಲಿ ತಾಗುತ್ತದೆ. ವೀರ್ಯ ಬಿಡುವ ಜಾಗ ಅದೇ, ಗರ್ಭಕೋಶದ ಶರೀರ. ಅದರ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ. ಇನ್ನೂ ಮುಂದೆ ಹೋದರೆ ಗರ್ಭಕೋಶ ಕವಲೊಡೆದ ಎರಡು ಕೊಂಬುಗಳಲ್ಲಿ ಯಾವುದೋ ಒಂದರೊಳಗೆ ಹೊಕ್ಕು ಒಳಪದರ ಗೀರಬಹುದು. ಹಿಂದೆಯೇ ಬಿಟ್ಟರೆ ವೀರ್ಯ ಗರ್ಭಕಂಠದಲ್ಲೇ ಉಳಿದು ಹಿಂದಕ್ಕೆ ಹರಿಯುತ್ತದೆ. ಬೆರಳನ್ನು ತುದಿಯಿಂದ ತೆಗೆದು, ಐದು ಎಣಿಸುತ್ತಾ ನಿಧಾನವಾಗಿ ಒತ್ತಿ.

ಕೈ ಮರಗಟ್ಟುವುದು ಗುದನಾಳ ಬಿಗಿದಾಗ ನೀವೂ ಎದುರು ಬಲ ಹಾಕುವುದರಿಂದ. ಬಿಗಿತ ಬಂದಾಗ ಕೈಯನ್ನು ಸಡಿಲ ಬಿಟ್ಟು ಸುಮ್ಮನಿರಿ, ಅಲೆಯಂತೆ ಬಂದು ಹೋಗುತ್ತದೆ. ಉಗುರು ಕತ್ತರಿಸಿರಬೇಕು, ಉಂಗುರ, ಗಡಿಯಾರ ತೆಗೆದಿರಬೇಕು, ಕೈಗವಸಿಗೆ ಜಾರುವ ದ್ರವ ಧಾರಾಳವಾಗಿ ಹಚ್ಚಿರಬೇಕು. ಕೈಗವಸಿನಲ್ಲಿ ರಕ್ತ ಕಂಡರೆ ಅಲ್ಲಿಗೆ ನಿಲ್ಲಿಸಿ. ಒಂದು ವಿಷಯ ಖಂಡಿತವಾಗಿ ಹೇಳುತ್ತೇನೆ, ಹತ್ತು ನಿಮಿಷ ಬೇಡ. ಐದು ನಿಮಿಷದಲ್ಲಿ ಆಗದಿದ್ದರೆ ಕೈ ತೆಗೆದು ಗುರುಗಳಿಗೆ ಬಿಟ್ಟುಕೊಡಿ. ನಿಮ್ಮ ಕಲಿಕೆಯ ನೋವನ್ನು ಆ ಹಸು ಹೊರುತ್ತಿದೆ, ಅದಕ್ಕೆ ಹೇಳಿಕೊಳ್ಳಲು ಬಾಯಿಲ್ಲ.

ಮನೆಪಾಠವೂ ಇದೆ. ಕಸಾಯಿಖಾನೆಯಿಂದ ತಂದ ಗರ್ಭಕೋಶ ತರಬೇತಿಯಲ್ಲಿ ಸಿಕ್ಕಾಗ ಅದರ ಮೇಲೆ ಬಟ್ಟೆ ಮುಚ್ಚಿ, ಕಣ್ಣು ಮುಚ್ಚಿ ಗನ್ ದಾಟಿಸಿ. ಆಮೇಲೆ ಉದ್ದಕ್ಕೆ ಸೀಳಿ ತುದಿ ಎಲ್ಲಿ ನಿಂತಿದೆ ನೋಡಿ. ಬೆರಳು ಹೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ಇರುವ ಅಂತರ ತಿಳಿಯುವುದು ಆಗಲೇ. ನನ್ನ ಕೈ ತಿದ್ದಿದ್ದು ಇದೇ ಅಭ್ಯಾಸ.

ಪ್ರಶ್ನೆ: ತರಬೇತಿ ಮುಗಿಸಿ ಸ್ವಂತವಾಗಿ ಕೆಲಸ ಶುರು ಮಾಡಿದ್ದೇನೆ. ಗನ್ ಸಲೀಸಾಗಿ ಹೋಗುತ್ತದೆ, ಆದರೂ ಗಬ್ಬ ನಿಲ್ಲುವ ಹಸುಗಳು ಕಡಿಮೆ. ಕಂಟೇನರ್‌ನಿಂದ ತೆಗೆದ ವೀರ್ಯದ ಕಡ್ಡಿಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸುತ್ತೇನೆ. ಅದು ತಪ್ಪೇ?

ಉತ್ತರ: ತಪ್ಪು. ಇವತ್ತಿನಿಂದಲೇ ಬಿಟ್ಟುಬಿಡಿ.

ದ್ರವ ಸಾರಜನಕದಲ್ಲಿ ಕಡ್ಡಿ −196 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಎಂದು ತೋರಿಸಿದರು. ನಮ್ಮ ಈ ಉದ್ಯೋಗವೇ ಆ ಶೋಧದ ಮೇಲೆ ನಿಂತಿದೆ. ಆದರೆ ಗ್ಲಿಸರಾಲ್ ಕಾಪಾಡುವುದು ನಾವು ನಿಯಮ ಪಾಲಿಸಿದಾಗ ಮಾತ್ರ. ನಿಧಾನವಾಗಿ ಕರಗಿಸಿದರೆ ಸಣ್ಣ ಹಿಮಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ವೀರ್ಯಾಣುವಿನ ಪೊರೆ ಹರಿಯುತ್ತವೆ. ಅಂಗೈಯಲ್ಲಿ ಆಗುವುದು ಇದೇ.

35ರಿಂದ 37 ಡಿಗ್ರಿ ನೀರಿನಲ್ಲಿ 30ರಿಂದ 45 ಸೆಕೆಂಡ್ ಇಡಿ. ನೀರಿನ ಬಿಸಿಯನ್ನು ಬೆರಳಿನಿಂದ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ. ಹೊರತೆಗೆದ ಕಡ್ಡಿಯನ್ನು ಪೂರ್ತಿ ಒರೆಸಿ, ಒಂದು ಹನಿ ನೀರು ಒಳಗೆ ಸೇರಿದರೂ ವೀರ್ಯಾಣು ಸಾಯುತ್ತದೆ. ಗನ್ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿ. ಸೀಲ್ ಇರುವ ತುದಿಯನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಿ. ಓರೆಯಾದರೆ ಗನ್ನಿನ ಮೇಲೆ ಹಾಕುವ ಪ್ಲಾಸ್ಟಿಕ್ ಕವಚದೊಳಗೆ (ಶೀತ್) ಸರಿಯಾಗಿ ಕೂರದೆ ವೀರ್ಯ ಹಿಂದಕ್ಕೆ ಸೋರುತ್ತದೆ. ಕರಗಿಸಿದ್ದನ್ನು ಹದಿನೈದು ನಿಮಿಷದೊಳಗೆ ಬಳಸಿ, ಮತ್ತೆ ಕಂಟೇನರ್‌ಗೆ ಹಾಕುವ ಮಾತೇ ಇಲ್ಲ.

ಇನ್ನೂ ಒಂದು ಕಡೆ ನೋಡಿ. ಬೇಕಾದ ಕಡ್ಡಿ ಹುಡುಕಲು ಕ್ಯಾನಿಸ್ಟರನ್ನು, ಅಂದರೆ ಕಂಟೇನರ್‌ನೊಳಗೆ ಕಡ್ಡಿಗಳನ್ನಿಡುವ ಡಬ್ಬಿಯನ್ನು, ಎಷ್ಟು ಮೇಲಕ್ಕೆ ಎತ್ತುತ್ತೀರಿ? 0.25 ಮಿಲಿಲೀಟರ್‌ನ ಕಡ್ಡಿ ಎಷ್ಟು ತೆಳುವೆಂದರೆ ಗಾಳಿ ತಾಗಿದ ಕೆಲವೇ ಸೆಕೆಂಡಿನಲ್ಲಿ ಬಿಸಿಯೇರುತ್ತದೆ. ಕಂಟೇನರ್‌ನ ಕುತ್ತಿಗೆಯಲ್ಲಿ ಕಾಣುವ ಹಿಮದ ಗೆರೆಗಿಂತ ಕೆಳಗೇ ಇರಲಿ. ಐದು ಸೆಕೆಂಡಿನಲ್ಲಿ ಸಿಗದಿದ್ದರೆ ಮತ್ತೆ ಮುಳುಗಿಸಿ ಎತ್ತಿ. ಒಂದು ಕಡ್ಡಿಗಾಗಿ ಹುಡುಕುವಾಗ ಉಳಿದವೆಲ್ಲ ಹಾಳಾಗುವುದು ಹೀಗೆ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಸಾರಜನಕದ ಮಟ್ಟವನ್ನು ಮರದ ಕೋಲಿಟ್ಟು ವಾರಕ್ಕೊಮ್ಮೆ ಅಳೆದು ಬರೆದಿಡಿ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ, ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಆವಿಯಾದ ಸಾರಜನಕ ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ.

ಪ್ರಶ್ನೆ: ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಮಾಡಿಸಿ ಎನ್ನುತ್ತಾರೆ. ಯಾಕೆ ಕಾಯಬೇಕು? ಕಟ್ಟಿದ ಹಸುವಿನಲ್ಲಿ ಬೆದೆ ಗುರುತಿಸುವುದಾದರೂ ಹೇಗೆ?

ಉತ್ತರ: ಈ ಲೆಕ್ಕ 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬ ಸಂಶೋಧಕ ನಡೆಸಿದ ಕೆಲಸದಿಂದ ಬಂದದ್ದು. ಬೇರೆ ಹಸು ಮೇಲೆ ಹತ್ತಿದರೂ ಅಲುಗಾಡದೆ ನಿಲ್ಲುವ ಸ್ಥಿತಿ ಸುಮಾರು 12ರಿಂದ 18 ಗಂಟೆ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು 10ರಿಂದ 14 ಗಂಟೆಯ ನಂತರ. ಅಂಡ ಬದುಕುವುದು ಕೆಲವೇ ಗಂಟೆ. ವೀರ್ಯಾಣು ಒಂದು ದಿನದಷ್ಟು ಬದುಕಬಹುದು, ಆದರೆ ಗರ್ಭಕೋಶದೊಳಗೆ ಕೆಲವು ಗಂಟೆ ಕಳೆದು ಪಕ್ವವಾದ ಮೇಲೆಯೇ ಅಂಡವನ್ನು ಕೂಡಬಲ್ಲದು. ಅಂಡ ಬರುವ ಹೊತ್ತಿಗೆ ವೀರ್ಯಾಣು ಸಿದ್ಧವಾಗಿ ಕಾಯುತ್ತಿರಬೇಕು. ಕಾಯುವುದು ಅದಕ್ಕೆ. ಹಾಗೆಂದು ತಂತ್ರಜ್ಞರು ದಿನಕ್ಕೊಮ್ಮೆ ಮಾತ್ರ ಸಿಗುವುದಾದರೆ ಮರುದಿನಕ್ಕೆ ದೂಡಬೇಡಿ, ಅಂದೇ ಮಾಡಿಸಿ. ಝೀಬು, ಅಂದರೆ ಹೆಗಲ ಮೇಲೆ ಡುಬ್ಬವಿರುವ ನಮ್ಮ ದೇಸಿ ತಳಿಗಳಲ್ಲಿ ಬೆದೆಯ ಅವಧಿ ಇನ್ನೂ ಚಿಕ್ಕದು, ಅಲ್ಲಿ ತಡ ಇನ್ನೂ ದುಬಾರಿ.

ಕಟ್ಟಿದ ಹಸುವಿನಲ್ಲಿ ಬಾಲದ ಬುಡ ನೋಡಿ. ಮಲಗಿ ಎದ್ದಾಗ ಗಾಜಿನಂತೆ ತಿಳಿಯಾದ, ನೂಲಿನಂತೆ ಜೋತಾಡುವ ಲೋಳೆ ಕಾಣುತ್ತದೆ, ಇಲ್ಲವೇ ಬಾಲಕ್ಕೆ ಅಂಟಿ ಒಣಗಿರುತ್ತದೆ. ಕೂಗು, ಚಡಪಡಿಕೆ, ಊದಿ ಕೆಂಪೇರಿದ ಯೋನಿದ್ವಾರ, ಪದೇ ಪದೇ ಮೂತ್ರ, ಹಾಲಿನಲ್ಲಿ ಇಳಿತ ಇವೆಲ್ಲ ಜೊತೆ ಸಾಕ್ಷಿಗಳು. ನಸುಕಿನಲ್ಲಿ ಮತ್ತು ರಾತ್ರಿ ಮಲಗುವ ಮುನ್ನ ಇಪ್ಪತ್ತು ನಿಮಿಷ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತು ನೋಡಿ. ಹಾಲು ಕರೆಯುವಾಗ, ಮೇವು ಹಾಕುವಾಗ ನೋಡಿದ್ದು ಲೆಕ್ಕಕ್ಕಿಲ್ಲ, ಆಗ ಹಸುವಿನ ಗಮನ ಬೇರೆಲ್ಲೋ ಇರುತ್ತದೆ. ಸಾಧ್ಯವಿದ್ದರೆ ದಿನಕ್ಕೆರಡು ಸಲ ಬಿಚ್ಚಿಬಿಡಿ.

ಪ್ರಶ್ನೆ: ನಾಲ್ಕು ಸಲ ಮಾಡಿಸಿದರೂ ಹಸು ತಿರುಗಿ ತಿರುಗಿ ಬೆದೆಗೆ ಬರುತ್ತಿದೆ. ಒಟ್ಟಿಗೆ ಎರಡು ಕಡ್ಡಿ ಹಾಕಿಸಿದರೆ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಸರಿಯಾಗಿ ಕಾಪಾಡಿದ ಒಂದು ಕಡ್ಡಿಯಲ್ಲಿ ಬೇಕಾದಷ್ಟು ವೀರ್ಯಾಣು ಇರುತ್ತದೆ. ಕೊರತೆ ಬೇರೆ ಕಡೆ ಇದೆ, ಅದನ್ನು ಹುಡುಕಲು ನಿಮ್ಮ ಬಳಿ ಇರಬೇಕಾದದ್ದು ದಿನಾಂಕ ಬರೆದ ಪುಸ್ತಕ. ನೀವು ದಿನಾಂಕಗಳನ್ನು ಬರೆದಿಲ್ಲ, ಹೆಚ್ಚಿನವರು ಬರೆಯುವುದಿಲ್ಲ.

ಬೆದೆಯಿಂದ ಬೆದೆಗೆ 18ರಿಂದ 24 ದಿನದ ಅಂತರವಿದ್ದರೆ ಅಂಡಾಶಯದ ಚಕ್ರ ಸರಿಯಾಗಿದೆ. ಅಂಡ ಫಲಿಸಿಲ್ಲ, ಅಥವಾ ಫಲಿಸಿದ ಭ್ರೂಣ ಮೊದಲ ಎರಡು ವಾರದಲ್ಲೇ ಸತ್ತಿದೆ. ಆಗ ಸಮಯ, ವೀರ್ಯದ ನಿರ್ವಹಣೆ, ಗರ್ಭಕೋಶದ ಒಳಗುಳಿದ ಸೋಂಕು, ತಡವಾದ ಅಂಡ ಬಿಡುಗಡೆ ಇವುಗಳನ್ನು ಶಂಕಿಸಬೇಕು. 36ರಿಂದ 48 ದಿನದ ಅಂತರವಾದರೆ ನಡುವೆ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದೆ. ಅದಿಲ್ಲದಿದ್ದರೆ ಭ್ರೂಣ ಸ್ವಲ್ಪ ಬೆಳೆದು ಹೋಗಿದೆ. ಎಂಟು ಹತ್ತು ದಿನಕ್ಕೇ ಬಂದರೆ ಎರಡರಲ್ಲೊಂದು ಬೆದೆಯೇ ಅಲ್ಲ, ಅಥವಾ ಅಂಡಾಶಯದಲ್ಲಿ ನೀರುಗುಳ್ಳೆ ಇರಬಹುದು. ಒಂದೇ ಹಸು, ಒಂದೇ ದೂರು, ಆದರೆ ದಿನಾಂಕ ನೋಡಿದರೆ ಚಿಕಿತ್ಸೆಯೇ ಬೇರೆ.

ಲೋಳೆಯನ್ನೂ ನೋಡಿ. ಬಿಳಿ ಚೂರು, ಕೀವು, ಮಬ್ಬು ಕಂಡರೆ ಆ ಸಲ ವೀರ್ಯ ಹಾಕಿಸದೆ ವೈದ್ಯರಿಂದ ಚಿಕಿತ್ಸೆ ಮಾಡಿಸಿ. ಕರು ಹಾಕಿದಾಗ ಕಸ (ಮಾಸು) ಬೀಳದೆ ನಿಂತಿತ್ತೇ, ಕರುವನ್ನು ಎಳೆದು ತೆಗೆದದ್ದೇ ಎಂಬುದನ್ನೂ ಅವರಿಗೆ ಹೇಳಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 40 ದಿನ ಬೇಕು, ಅದಕ್ಕೆ ಮೊದಲೇ ಅವಸರ ಮಾಡಿದ್ದರೆ ಫಲ ಸಿಗದಿರುವುದು ಸಹಜ. ಕರು ಹಾಕಿದ ಮೇಲೆ ಹಸು ಬಹಳ ಸೊರಗಿದ್ದರೆ ಮೊದಲು ಮೇವು, ಖನಿಜ ಮಿಶ್ರಣ, ಬಿಸಿಲಿನಿಂದ ನೆರಳು.

ಪ್ರಶ್ನೆ: ಬೆದೆ ಮುಗಿದ ಎರಡನೇ ದಿನ ರಕ್ತ ಬಂತು. ಗರ್ಭ ನಿಲ್ಲಲಿಲ್ಲವೇ?

ಉತ್ತರ: ಅದಕ್ಕೂ ಗರ್ಭಕ್ಕೂ ಸಂಬಂಧವಿಲ್ಲ. ಬೆದೆ ಆಗಿ ಹೋಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಬೆದೆ ನೋಡದೆ ರಕ್ತ ಮಾತ್ರ ಕಂಡಿದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ, ಸುಮಾರು 18 ದಿನದ ನಂತರ ಕಣ್ಣಿಟ್ಟಿರಿ.

ಪ್ರಶ್ನೆ: ನಾನು ಪಶು ಆರೋಗ್ಯ ಕಾರ್ಯಕರ್ತೆ, ಈಗ ನಾಲ್ಕು ತಿಂಗಳ ಗರ್ಭಿಣಿ. ಬೆದೆಗೆ ತರುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ನಾನು ಕೊಡಬಹುದೇ?

ಉತ್ತರ: ಬೇಡಮ್ಮಾ, ಮುಟ್ಟಲೂ ಬೇಡಿ. ಆ ಔಷಧ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ, ಮನುಷ್ಯರಲ್ಲೂ ಗರ್ಭಪಾತ ಮಾಡಿಸಬಲ್ಲದು. ಅಸ್ತಮಾ ಇರುವವರೂ ದೂರವಿರಬೇಕು. ಈ ಕೆಲಸವನ್ನು ಸಹೋದ್ಯೋಗಿಗೆ ವಹಿಸಿ, ಕಾರಣವನ್ನು ಸಂಕೋಚವಿಲ್ಲದೆ ಹೇಳಿ. ಕಂದು ಹಾಕಿದ ಹಸುವಿನ ಕಸ, ದ್ರವಗಳನ್ನೂ ಮುಟ್ಟಬೇಡಿ, ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ಹರಡುತ್ತದೆ.

ಪ್ರಶ್ನೆ: ಎರಡು ತಿಂಗಳ ಹಿಂದೆ ಮಾಡಿಸಿದ ಹಸು ಈಗ ಮತ್ತೆ ಕೂಗುತ್ತಿದೆ, ಲೋಳೆಯೂ ಇದೆ. ತಕ್ಷಣ ಮಾಡಿಬಿಡಲೇ?

ಉತ್ತರ: ಮೊದಲು ಕೈ ಹಾಕಿ ಗರ್ಭ ಪರೀಕ್ಷೆ ಮಾಡಿ. ಗಬ್ಬದ ಹಸುಗಳಲ್ಲಿ ಕೆಲವು ಬೆದೆಯ ಲಕ್ಷಣ ತೋರಿಸುತ್ತವೆ. ಗರ್ಭ ನಿಂತ ಮೇಲೆ ಗರ್ಭಕಂಠವನ್ನು ಗಟ್ಟಿ ಲೋಳೆಯ ಬಿರಡೆ ಮುಚ್ಚಿರುತ್ತದೆ. ಗನ್ ಅದನ್ನು ಒಡೆದು ಒಳಹೊಕ್ಕರೆ ಎರಡು ತಿಂಗಳ ಕರು ಹೋಗಬಹುದು. ಎರಡು ಕೊಂಬುಗಳ ಗಾತ್ರದಲ್ಲಿ ವ್ಯತ್ಯಾಸವಿದೆಯೇ, ದಪ್ಪ ಕೊಂಬಿನಲ್ಲಿ ನೀರು ತುಂಬಿದ ಅನುಭವವಾಗುತ್ತದೆಯೇ ಎಂದು ಮೆಲ್ಲಗೆ ನೋಡಿ. ನಿಮಗೆ ಅನುಮಾನ ಉಳಿದರೆ ಗನ್ ಮುಟ್ಟದೆ ವೈದ್ಯರನ್ನು ಕರೆಸಿ. ಅವರ ಬಳಿ ಸ್ಕ್ಯಾನರ್ ಇದ್ದರೆ 30ನೇ ದಿನದ ಸುಮಾರಿಗೇ ಗರ್ಭ ಕಾಣುತ್ತದೆ. ಇನ್ನು ಮುಂದೆ ಮಾಡಿದ ಪ್ರತಿ ಹಸುವನ್ನೂ 60 ದಿನಕ್ಕೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಿರಿ, ಇಂಥ ಬೆಳಗ್ಗೆ ಆ ಪುಟ ತೆರೆದರೆ ಸಾಕಾಗುತ್ತದೆ.