ಕೆಲಸ ಇಲ್ಲದ ವಾರದಲ್ಲೂ ಕಂತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಸಾಲದ ಬಗ್ಗೆಯೇ ಇವೆ. ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಮಲೆನಾಡಿನ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಇದೇ ಕಷ್ಟ ಇನ್ನೂ ಎಷ್ಟೋ ಜನರಿಗಿದೆ.

ಪ್ರಶ್ನೆ: ಮೇಡಂ, ನಮ್ಮದು ಮೂಡಿಗೆರೆ ತಾಲೂಕು. ನಾನು, ನಮ್ಮ ಯಜಮಾನರು ಇಬ್ಬರೂ ಕಾಫಿ ತೋಟದ ಕೂಲಿಗೆ ಹೋಗುತ್ತೇವೆ. ಮಗಳ ಕಾಲೇಜು, ಮನೆ ರಿಪೇರಿ ಅಂತ ಎರಡು ಫೈನಾನ್ಸ್‌ನಲ್ಲಿ ಸಾಲ ಮಾಡಿದ್ದೇನೆ. ಸಂಘದಲ್ಲೂ ಒಂದಿದೆ. ಮೂರೂ ಸೇರಿ ವಾರಕ್ಕೆ 1,650 ರೂಪಾಯಿ ಕಂತು. ಜುಲೈಯಲ್ಲಿ ಮಳೆ ಹಿಡಿದು ಇಬ್ಬರಿಗೂ ಸೇರಿ 16 ಹಾಜರಿ ಸಿಕ್ಕಿತು, ಹಾಜರಿಗೆ 450. ಬುಧವಾರ ಗುಂಪಿನವರೆಲ್ಲ ಸೇರಿ ಕಂತು ಕಟ್ಟುವ ಮೀಟಿಂಗ್. ಮಂಗಳವಾರ ರಾತ್ರಿ ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ. ಬಿಪಿ ಮಾತ್ರೆ ತಗೊಳ್ಳೋದು ಬಿಟ್ಟಿದ್ದೀನಿ. ಇನ್ನೊಂದು ಫೈನಾನ್ಸ್‌ನವರು 30,000 ಕೊಡ್ತೀವಿ ಅಂತಿದ್ದಾರೆ. ತಗೊಂಡು ಹಳೇ ಕಂತು ಕಟ್ಟಲಾ?

ಉತ್ತರ: ಬೇಡ ಅಕ್ಕ. ಆ 30,000ಕ್ಕೆ ಕೈ ಹಾಕಬೇಡಿ. ಅದು ಹಳೇ ಕಂತಿಗೆ ಕರಗಿ ಹೋಗುತ್ತದೆ, ಮುಂದಿನ ವಾರದಿಂದ ನಾಲ್ಕನೇ ಕಂತು ಶುರುವಾಗುತ್ತದೆ.

ನಿಮ್ಮ ಜುಲೈ ಲೆಕ್ಕವನ್ನು ಬರೆದು ನೋಡಿದೆ. 16 ಹಾಜರಿಗೆ 7,200 ರೂಪಾಯಿ. ನಾಲ್ಕು ವಾರದ ಕಂತು 6,600. ಉಳಿದದ್ದು 600. ಎಣ್ಣೆ, ಬೇಳೆ, ಮಗಳ ಬಸ್ ಚಾರ್ಜು ಎಲ್ಲಾ ಅದರಲ್ಲೇ. ಇಂಥ ತಿಂಗಳಲ್ಲಿ ಯಾರಿಗೆ ತಾನೇ ನಿದ್ದೆ ಬಂದೀತು? ನಿಮ್ಮ ಧೈರ್ಯ ಕಡಿಮೆಯಾಯಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಒಂದು ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿಮ್ಮ ಸಾಲ ಆ ಲೆಕ್ಕದಲ್ಲಿ ಪಾಸಾಗಿರಬಹುದು. ಯಾಕೆಂದರೆ ಆದಾಯವನ್ನು ವರ್ಷದ ಮೇಲೆ ಅಂದಾಜು ಮಾಡುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ದಿನಾ ಕೆಲಸ, ಜುಲೈಯಲ್ಲಿ ವಾರಗಟ್ಟಲೆ ಖಾಲಿ. ಎರಡನ್ನೂ ಕೂಡಿಸಿ ಭಾಗಿಸಿದರೆ ಚೆನ್ನಾಗಿಯೇ ಕಾಣುತ್ತದೆ. ಜುಲೈಯಲ್ಲಿ ಅಂಗಡಿಗೆ ಹೋಗುವಾಗ ಆ ಸರಾಸರಿ ನಿಮ್ಮ ಕೈಯಲ್ಲಿ ಇರುವುದಿಲ್ಲ ಅಲ್ವಾ?

ಆಷಾಢದಲ್ಲಿ ಕೆಲಸ ಕಡಿಮೆ ಅನ್ನೋದು ಮಲೆನಾಡಿಗೆ ಹೊಸದಲ್ಲ. ಅಕ್ಕಿ, ಸೌದೆ, ಒಣಮೀನು ಮೊದಲೇ ಕೂಡಿಡುತ್ತಿದ್ದರು. ಈಗ ಮಳೆ ಆ ಲೆಕ್ಕಕ್ಕೆ ಸಿಗುತ್ತಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದವು. 2021ರ ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಹಿಡಿದು ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿ ಹರಡಿದ್ದು ಒಣಗಲಿಲ್ಲ. 2023ರಲ್ಲಿ ಬರ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. 2024ರ ಜುಲೈಯಲ್ಲಿ ಮತ್ತೆ ಅತಿಮಳೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್. ಕಂತಿನ ಕಾರ್ಡಿನಲ್ಲಿ ಮಾತ್ರ ಎಲ್ಲಾ ವಾರವೂ ಒಂದೇ ಮೊತ್ತ. ನನ್ನ ಪ್ರಕಾರ ನಿಮ್ಮ ಆರೋಗ್ಯ ಕೆಡಿಸುತ್ತಿರುವುದು ಸಾಲದ ಮೊತ್ತಕ್ಕಿಂತ ಜಾಸ್ತಿ ಈ ಹೊಂದಾಣಿಕೆ ಇಲ್ಲದ ಕಂತು.

ಇದಕ್ಕೆ ಆಧಾರವೂ ಇದೆ. ಕೋಲ್ಕತ್ತಾದಲ್ಲಿ ಇಂಥದ್ದೇ ಗುಂಪು ಸಾಲ ಪಡೆದವರ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಕೆಲವರಿಗೆ ವಾರದ ಕಂತು, ಕೆಲವರಿಗೆ ತಿಂಗಳ ಕಂತು. ಯಾರಿಗೆ ಯಾವುದು ಅನ್ನೋದನ್ನು ಲಾಟರಿ ಥರ ಹಂಚಿದ್ದರು. ಕಂತಿನ ಬಗ್ಗೆ ಚಿಂತೆ, ತಳಮಳ ಆಗುತ್ತದೆ ಅಂದವರ ಪ್ರಮಾಣ ತಿಂಗಳ ಕಂತಿನವರಲ್ಲಿ ಶೇ 51ರಷ್ಟು ಕಡಿಮೆ ಇತ್ತು. ಅವರ ವ್ಯಾಪಾರದ ಆದಾಯವೂ ಜಾಸ್ತಿ ಇತ್ತು.

ಹಾಗಾಗಿ ನೀವು ಕೇಳಬೇಕಾದ್ದು ಹೊಸ ಸಾಲವನ್ನಲ್ಲ, ಕಂತಿನ ಬದಲಾವಣೆಯನ್ನು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಸಾಲ ಪಡೆದವರ ಅಗತ್ಯಕ್ಕೆ ತಕ್ಕಂತೆ ವಾರವೋ, ಹದಿನೈದು ದಿನವೋ, ತಿಂಗಳೋ ಅಂತ ಕಂತು ಹೊಂದಿಸಿಕೊಡಲು ಪ್ರತಿ ಸಂಸ್ಥೆಯೂ ಒಂದು ನೀತಿ ಇಟ್ಟುಕೊಂಡಿರಬೇಕು. ಕಂತು ವಸೂಲಿಗೆ ಬರುವ ಹುಡುಗರಿಗೆ ಇದು ಗೊತ್ತಿಲ್ಲದೆ ಇರಬಹುದು. ಅವರ ಹತ್ತಿರ ಜಗಳ ಬೇಡ. ಬ್ರಾಂಚ್ ಮ್ಯಾನೇಜರ್‌ಗೆ ಅರ್ಜಿ ಬರೆಯಿರಿ: ‘ಮಳೆಗಾಲದಲ್ಲಿ ನಮಗೆ ಹಾಜರಿ ಸಿಗುವುದಿಲ್ಲ. ಕಂತನ್ನು ತಿಂಗಳಿಗೊಮ್ಮೆ ಮಾಡಿಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ಕಟ್ಟುತ್ತೇವೆ, ಕೊಯ್ಲಿನ ತಿಂಗಳುಗಳಲ್ಲಿ ಜಾಸ್ತಿ ಕಟ್ಟುತ್ತೇವೆ.’ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುವ ಹಾಜರಿ ಪುಸ್ತಕದ ಜುಲೈ ಪುಟದ ಫೋಟೋ ತೆಗೆಸಿ ಜೊತೆಗಿಡಿ. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಗುಂಪಿನವರೆಲ್ಲ ಸಹಿ ಹಾಕಲಿ. ಮಳೆ ನಿಮ್ಮೊಬ್ಬರ ಮನೆಗೇನೂ ಬಂದಿಲ್ಲವಲ್ಲ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಒಬ್ಬರು ಕಟ್ಟದಿದ್ದರೆ ಪಕ್ಕದವರು ಕಟ್ಟಬೇಕು ಅನ್ನೋ ಕಡೆ ಅಕ್ಕಪಕ್ಕದವರೇ ಎದುರು ಬದುರಾಗುತ್ತಾರೆ. ಒಟ್ಟಿಗೆ ಅರ್ಜಿ ಕೊಟ್ಟರೆ ಆ ಮುಜುಗರ ಸ್ವಲ್ಪ ಇಳಿಯುತ್ತದೆ.

ಅವಧಿ ಉದ್ದವಾದರೆ ಒಟ್ಟು ಬಡ್ಡಿ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ. ತಡವಾದರೆ ದಂಡ ಹಾಕುವುದಿದ್ದರೂ ಬಾಕಿ ಬಿದ್ದ ಕಂತಿನ ಮೇಲೆ ಮಾತ್ರ ಹಾಕಬೇಕು, ಇಡೀ ಸಾಲದ ಮೇಲಲ್ಲ. ಕೊಯ್ಲಿನ ದುಡ್ಡು ಕೈಗೆ ಬಂದಾಗ ಬಡ್ಡಿ ಜಾಸ್ತಿ ಇರುವ ಒಂದು ಸಾಲವನ್ನು ಪೂರ್ತಿ ಮುಗಿಸಿಬಿಡಿ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಯಾವುದರ ಬಡ್ಡಿ ಜಾಸ್ತಿ ಅಂತ ಬಾಯಿಮಾತಿನಲ್ಲಿ ನಂಬಬೇಡಿ. ‘ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ’ ಅಂತಾರೆ, ಆದರೆ ಮೊದಲು ಕೊಟ್ಟ ಪೂರ್ತಿ ಮೊತ್ತದ ಮೇಲೇ ಕೊನೇವರೆಗೂ ಲೆಕ್ಕ ಹಾಕಿದರೆ ಒಂದು ವರ್ಷದ ಸಾಲಕ್ಕೆ ಅದು ನಿಜವಾಗಿ ಶೇ 21ರ ಸುಮಾರಿಗೆ ಹೋಗುತ್ತದೆ. ವರ್ಷದ ಬಡ್ಡಿ ಎಷ್ಟು ಅಂತ ಲೋನ್ ಕಾರ್ಡಿನಲ್ಲಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಕೊನೆಗೆ, ಮಾತ್ರೆ. ಬಿಪಿ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಈ ವಾರವೇ ಹೋಗಿ ತೋರಿಸಿ, ಬಿಟ್ಟಿದ್ದೆ ಅಂತಲೂ ಹೇಳಿ. ದುಡ್ಡು ಸಾಲದಾಗ ಮನೆಯಲ್ಲಿ ಮೊದಲು ಕಡಿಮೆ ಆಗೋದು ಹೆಂಗಸರ ತಟ್ಟೆಯ ಅನ್ನ, ಆಮೇಲೆ ಹೆಂಗಸರ ಔಷಧಿ. ನೀವು ಹಾಗೆ ಮಾಡಬೇಡಿ. ಅಕ್ಕಿ, ಮಾತ್ರೆ, ಆಮೇಲೆ ಕಂತು.

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆ ಹಳ್ಳಿ. ತೆಂಗಿನ ತೋಟ ಒಣಗುತ್ತಿದೆ. ಹಿಂದೆ ಕೊರೆಸಿದ ಎರಡು ಬೋರ್ ಫೇಲಾಗಿವೆ. ಇನ್ನೊಂದು ಕೊರೆಸಲು ನಿನ್ನ ಹೆಸರಲ್ಲಿ ಫೈನಾನ್ಸ್ ಸಾಲ ತೆಗಿ ಅಂತ ಮನೆಯವರು, ಅತ್ತೆ ಇಬ್ಬರೂ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆಗಲ್ಲ ಅಂತ ಹೇಳಿ. ಮನೆಯಲ್ಲಿ ಹಾಗೆ ಹೇಳೋದು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಬೋರ್‌ನಲ್ಲಿ ನೀರು ಬಿದ್ದರೂ ತೋಟ ಚೇತರಿಸಿಕೊಂಡು ಕಾಯಿ ಕಟ್ಟಿ ದುಡ್ಡು ಬರಲು ತಿಂಗಳುಗಳೇ ಬೇಕು. ಕಂತು ಮಾತ್ರ ಕೂಡಲೇ ಶುರು. ನೀರು ಬೀಳದಿದ್ದರೆ ಕಂತೊಂದೇ ಉಳಿಯುತ್ತದೆ, ಅದೂ ನಿಮ್ಮ ಹೆಸರಲ್ಲಿ.

ಹೆಂಗಸರ ಹೆಸರಿಗೆ ಸಾಲ ಬಂದರೆ ಮನೆಯಲ್ಲಿ ಅವರ ಮಾತಿಗೆ ಬೆಲೆ ಬರುತ್ತದೆ ಅಂತ ಬಹಳ ವರ್ಷ ಹೇಳುತ್ತಾ ಬಂದರು. ಹೈದರಾಬಾದಿನ ಬಡಾವಣೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ಹೆಂಗಸರು ತೀರ್ಮಾನ ಮಾಡುವ ವಿಚಾರದಲ್ಲಾಗಲಿ, ಮನೆಯ ಆರೋಗ್ಯದಲ್ಲಾಗಲಿ ಸಾಲದಿಂದ ಹೇಳಿಕೊಳ್ಳುವ ಬದಲಾವಣೆ ಆಗಿರಲಿಲ್ಲ. ಜಮೀನು ಯಾರ ಹೆಸರಲ್ಲಿದೆ, ಕೊಬ್ಬರಿ ದುಡ್ಡು ಯಾರ ಕೈಗೆ ಬರುತ್ತದೆ ಅಂತ ಮೊದಲು ನೋಡಿ.

ನೀರಿಗೆ ಬೇರೆ ದಾರಿ ಇದೆ. ಮಳೆನೀರು ಹಿಡಿದಿಡುವ ಕೃಷಿ ಹೊಂಡಕ್ಕೆ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನ ಸಿಗುತ್ತದೆಯೇ ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಮನೆಯವರಿಗೇ ಹೇಳಿ. ನಿಮ್ಮ ಸಮುದಾಯದ ಅಭಿವೃದ್ಧಿ ನಿಗಮದಲ್ಲಿ ಬೋರ್ ಕೊರೆಸಲು ನೆರವು ಕೊಡುವ ಗಂಗಾ ಕಲ್ಯಾಣ ಯೋಜನೆ ಇದ್ದರೆ ಅಲ್ಲಿ ಅರ್ಜಿ ಹಾಕಿ. ತಡವಾಗಬಹುದು, ಆದರೆ ವಾರದ ಕಂತಿನ ಕಾಟ ಇರುವುದಿಲ್ಲ.

ಪ್ರಶ್ನೆ: ಬೇಲೂರು ತಾಲೂಕಿನ ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಕಂತು ಬಾಕಿ ಅಂತ ಫೈನಾನ್ಸ್‌ನವರು ರಾತ್ರಿ ಎಂಟಕ್ಕೆಲ್ಲ ಬಂದು ಜಗಲಿ ಮೇಲೆ ಕೂರುತ್ತಾರೆ. ಬೆಂಗಳೂರಿನಲ್ಲಿರುವ ನಾನು ಏನು ಮಾಡಬಹುದು?

ಉತ್ತರ: ಸಾಲ ಕೊಟ್ಟವರು ರಿಸರ್ವ್ ಬ್ಯಾಂಕಿನ ಅಡಿ ಬರುವ ಸಂಸ್ಥೆಯೋ, ಸುಮ್ನೆ ಬೋರ್ಡು ಹಾಕಿಕೊಂಡವರೋ ಅಂತ ಮೊದಲು ನೋಡಿ.

ರಿಸರ್ವ್ ಬ್ಯಾಂಕಿನ ಅಡಿ ಬರುವವರಾದರೆ, ವಸೂಲಿ ಇಬ್ಬರೂ ಒಪ್ಪಿ ಗೊತ್ತು ಮಾಡಿದ ಜಾಗದಲ್ಲೇ ಆಗಬೇಕು. ಅಮ್ಮ ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಕೂಡ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ಕಾಟ ಕೊಡುವುದು ಎಲ್ಲವೂ ನಿಷಿದ್ಧ. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ಅಧಿಕಾರಿಯಾದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯಕ್ಕೆ 14448.

ನೋಂದಣಿಯೇ ಇಲ್ಲದವರಾದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ತಂದ ಕಿರುಸಾಲ ಕಾನೂನು ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ತೆಗೆದುಕೊಳ್ಳಲ್ಲ ಅಂತ ಪೊಲೀಸರು ಹೇಳುವಂತಿಲ್ಲ. ರಾತ್ರಿ ಬಂದು ಕೂತವರು ಎದ್ದು ಹೋಗದಿದ್ದರೆ, ಯಾವ ಸಂಸ್ಥೆಯವರೇ ಆಗಲಿ, 112ಕ್ಕೆ ಕರೆ ಮಾಡಲು ಅಮ್ಮನಿಗೆ ಹೇಳಿಕೊಡಿ. ಅಮ್ಮ ಹೆದರಿ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೆಂಗಳೂರಿನಿಂದ ದೂರನ್ನು ನೀವೇ ಬರೆದು ಅಮ್ಮನ ಸಹಿ ಹಾಕಿಸಬಹುದು. ಇವತ್ತೇ ಲೋನ್ ಕಾರ್ಡಿನ ಎರಡೂ ಬದಿಯ ಫೋಟೋ, ಇದುವರೆಗೆ ಕಟ್ಟಿದ ರಸೀದಿಗಳ ಫೋಟೋ ತರಿಸಿಕೊಳ್ಳಿ. ರಸೀದಿ ಕೊಟ್ಟೇ ಇಲ್ಲ ಅಂದರೆ ಅದನ್ನೂ ದೂರಿನಲ್ಲಿ ಬರೆಯಿರಿ.